ಲ ಮಾನ್‌ನ ರಾತ್ರಿಗೆ ಒಂದು ಹಾಸಿಗೆ

2024 ಡಿಸೆಂಬರ್ 7, ಶನಿವಾರ

ಟಿಕೆಟ್ ಖಾತ್ರಿಯಾಯಿತು. ಮುಂದಿನ ಜೂನ್ 14 ಮತ್ತು 15ರಂದು ಲ ಮಾನ್‌ನ 24 ಗಂಟೆಗಳ ಓಟಕ್ಕೆ ನಾನು ಮತ್ತು ಮಾವ. ದಾವಣಗೆರೆಗೆ ಫೋನ್ ಮಾಡಿ ಹೇಳಿದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಉಳಕೊಳ್ಳೋದು ಎಲ್ಲಪ್ಪ?" ಅಂದರು. ನಲವತ್ತು ವರ್ಷದ ಹತ್ತಿರ ಗ್ಯಾರೇಜು ನಡೆಸಿದವರು. ಯಾವ ಕೆಲಸವೇ ಆಗಲಿ, ಮೊದಲು ಬುಡ ನೋಡುತ್ತಾರೆ.

ಈ ಓಟದ ಪ್ರವೇಶ ಟಿಕೆಟ್ಟಿನಲ್ಲಿ ಒಳಗೆ ಹೋಗುವ ಹಕ್ಕು ಮಾತ್ರ ಇರುತ್ತದೆ. ಟೆಂಟಿನ ಜಾಗ ಬೇರೆ, ಗ್ಯಾಲರಿಯ ಸೀಟು ಬೇರೆ, ಗಾಡಿ ನಿಲ್ಲಿಸುವುದಕ್ಕೂ ಬೇರೆ ದುಡ್ಡು. ಊರಿನ ಜನಸಂಖ್ಯೆ ಒಂದೂವರೆ ಲಕ್ಷವನ್ನೂ ಮುಟ್ಟುವುದಿಲ್ಲ. ಈ ವರ್ಷ ಓಟಕ್ಕೆ ಬಂದವರು 3 ಲಕ್ಷ 29 ಸಾವಿರ. ಅಷ್ಟು ಜನಕ್ಕೆ ಮಂಚ ಹಾಕಲು ಆ ಊರಿಗಿರಲಿ, ಸುತ್ತಲಿನ ಇಡೀ ಸಾರ್ತ್ ಜಿಲ್ಲೆಗೂ ಆಗುವ ಮಾತಲ್ಲ. ಹಾಗಾಗಿ ಹೋಟೆಲುಗಳು ಆ ವಾರ ದರವನ್ನು ಎಲ್ಲೆಲ್ಲಿಗೋ ಏರಿಸುತ್ತವೆ, ಒಂದೆರಡು ರಾತ್ರಿಗೆಂದರೆ ಕೊಡುವುದೇ ಇಲ್ಲ.

2024 ಡಿಸೆಂಬರ್ 22, ಭಾನುವಾರ

ಇವತ್ತು ನಕಾಶೆ ಬಿಡಿಸಿಕೊಂಡು ಕೂತೆ. ಪ್ಯಾರಿಸ್ಸಿನಲ್ಲೇ ಉಳಿದು ಓಡಾಡಿ ಎಂದು ಕಚೇರಿಯಲ್ಲಿ ಇಬ್ಬರು ಹೇಳಿದ್ದರು. ಮೊಂಪರ್ನಾಸ್ ನಿಲ್ದಾಣದಿಂದ ವೇಗದ ರೈಲಿನಲ್ಲಿ ಒಂದು ಗಂಟೆಯ ದಾರಿ. ಹೇಳಲು ಚೆಂದ. ಆದರೆ ಶನಿವಾರ ಸಂಜೆ ನಾಲ್ಕಕ್ಕೆ ಓಟ ಶುರು, ಜೂನ್ ಮಧ್ಯದಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಹೆಚ್ಚುಕಡಿಮೆ ಹತ್ತು ಗಂಟೆಗೆ. ಕತ್ತಲು ಕವಿಯುವ ಹೊತ್ತಿಗೆ ನಾವು ವಾಪಸು ರೈಲಿಗೆ ಹೊರಟಿರಬೇಕು. ನೈಋತ್ಯದ ಆಂಜೆ, ದಕ್ಷಿಣದ ತೂರ್, ಉತ್ತರದ ಆಲಾಂಸೋ ಊರುಗಳಲ್ಲಿ ಕೋಣೆ ಇನ್ನೂ ಸಿಗುತ್ತಿವೆ. ಅಲ್ಲಿದ್ದರೆ ಕಾರು ಬೇಕು, ನಡುರಾತ್ರಿ ನಿದ್ದೆಗಣ್ಣಲ್ಲಿ ಪರದೇಶದ ಹೆದ್ದಾರಿಯಲ್ಲಿ ಅದನ್ನು ಓಡಿಸಬೇಕು. ಅದು ಬೇಡವೇ ಬೇಡ.

ಈ ಓಟದ ಜೀವ ಇರುವುದು ಕತ್ತಲಲ್ಲಿ. ಹಗಲಲ್ಲಿ ಯಾವ ಟ್ರ್ಯಾಕಿನಲ್ಲಾದರೂ ಕಾರು ನೋಡಬಹುದು. ರಾತ್ರಿ ಎರಡು, ಮೂರು, ನಾಲ್ಕು ಗಂಟೆಗೆ, ಚಾಲಕನ ಕಣ್ಣು ಸೋಲುವ ಹೊತ್ತಿಗೆ, ಬ್ರೇಕು ಕೆಂಪಗೆ ಕಾದಿರುವ ಹೊತ್ತಿಗೆ, ಮೆಕ್ಯಾನಿಕ್ಕುಗಳು ಹೆಲ್ಮೆಟ್ ಹಾಕಿಕೊಂಡೇ ಕುರ್ಚಿಯಲ್ಲಿ ತೂಕಡಿಸುವ ಹೊತ್ತಿಗೆ ಏನಾಗುತ್ತದೋ ಅದಕ್ಕಾಗಿಯೇ 1923ರಿಂದ ಜನ ಅಲ್ಲಿಗೆ ಹೋಗುತ್ತಿದ್ದಾರೆ. ಆ ಹೊತ್ತಿನಲ್ಲಿ ನಾವೆಲ್ಲಿರುತ್ತೇವೆ ಎನ್ನುವುದು ತೀರ್ಮಾನವಾದರೆ ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

2025 ಜನವರಿ 12, ಭಾನುವಾರ

ಇಷ್ಟೆಲ್ಲ ಬರೆದ ಮೇಲೂ ಮನಸ್ಸು ಒಂದು ದೂರದ ಜಾಗಕ್ಕೇ ಎಳೆಯುತ್ತಿದೆ. ಲ ಮಾನ್‌ನ ಆಗ್ನೇಯಕ್ಕೆ ಸುಮಾರು 45 ಕಿ.ಮೀ. ದೂರದಲ್ಲಿ ಲಾ ಶಾರ್ತ್ರ್ ಎಂಬ ಪುಟ್ಟ ಊರು, ಅದರ ಚೌಕದಲ್ಲಿ ಹೋಟೆಲ್ ದ ಫ್ರಾನ್ಸ್. 1950ರ ದಶಕದಲ್ಲಿ ಜಾನ್ ವೈಯರ್ ತಮ್ಮ ಆಸ್ಟನ್ ಮಾರ್ಟಿನ್ ತಂಡವನ್ನು ಇಳಿಸುತ್ತಿದ್ದದ್ದು ಇಲ್ಲೇ. ಲಾರಿಯ ಮೇಲೆ ಹೇರುವ ಗೋಜಿಲ್ಲದೆ ಓಟದ ಕಾರುಗಳನ್ನೇ ಹಳ್ಳಿಯ ರಸ್ತೆಯಲ್ಲಿ ಓಡಿಸಿಕೊಂಡು ಟ್ರ್ಯಾಕಿಗೆ ಹೋಗುತ್ತಿದ್ದರಂತೆ. 1959ರಲ್ಲಿ ಕ್ಯಾರೊಲ್ ಶೆಲ್ಬಿ ಮತ್ತು ರಾಯ್ ಸಾಲ್ವಡೋರಿ ಗೆದ್ದದ್ದು ಆ ತಂಡದ ಡಿಬಿಆರ್1 ಕಾರಿನಲ್ಲಿ. ಮುಂದೆ ಗಲ್ಫ್ ಕಂಪನಿಯ ಬಣ್ಣದ ಫೋರ್ಡ್ ಜಿಟಿ40ಗಳ ಕಾಲದಲ್ಲೂ ವೈಯರ್ ಈ ಹೋಟೆಲನ್ನು ಬಿಡಲಿಲ್ಲ. 1968ರಲ್ಲೂ 1969ರಲ್ಲೂ ಅವರ ತಂಡವೇ ಗೆದ್ದಿತು, ಎರಡು ಸಲವೂ ಅದೇ ಒಂದು ಕಾರಿನಲ್ಲಿ. 1969ರಲ್ಲಿ ಜಾಕಿ ಇಕ್ಸ್, ಓಡಿಹೋಗಿ ಕಾರು ಹತ್ತುವ ಪದ್ಧತಿ ಅಪಾಯದ್ದೆಂದು ತೋರಿಸಲು ಎಲ್ಲರೂ ಓಡುವಾಗ ತಾವೊಬ್ಬರೇ ನಿಧಾನವಾಗಿ ನಡೆದುಹೋಗಿ ಬೆಲ್ಟು ಕಟ್ಟಿಕೊಂಡು ಹೊರಟವರು, 24 ಗಂಟೆಗಳ ಕೊನೆಗೆ ನೂರಿಪ್ಪತ್ತು ಮೀಟರಿನಷ್ಟು ಅಂತರದಲ್ಲಿ ಗೆದ್ದರು.

ಆ ಚೌಕದಲ್ಲಿ ಕೂತು ಒಂದು ಲೋಟ ಕಾಫಿ ಕುಡಿಯಬೇಕೆಂಬ ಆಸೆ ನಿಜವಾದದ್ದು. ಆದರೆ ತಂಡದವರಿಗೆ ರಾತ್ರಿಯಿಡೀ ಪಿಟ್‌ನಲ್ಲಿ ಕೆಲಸವಿತ್ತು, ಹೋಟೆಲು ಅವರಿಗೆ ಓಟದ ಹಿಂದುಮುಂದಿನ ದಿನಗಳಿಗೆ ಬೇಕಾದದ್ದು. ನೋಡಲು ಹೋಗುವ ನಮಗೆ ಅಂಥ ಕೆಲಸವಿಲ್ಲ. ಅಲ್ಲಿ ಕೋಣೆಯಿದ್ದರೆ ಕಾಲು ಆ ಕಡೆಗೇ ಎಳೆಯುತ್ತದೆ. ಲಾ ಶಾರ್ತ್ರ್ ಇನ್ನೊಂದು ಸಲಕ್ಕಿರಲಿ, ಓಟವಿಲ್ಲದ ಕಾಲಕ್ಕೆ.

2025 ಫೆಬ್ರವರಿ 9, ಭಾನುವಾರ

ಮಾವ ಬೆಂಗಳೂರಿಗೆ ಬಂದಿದ್ದರು. ಊಟವಾದ ಮೇಲೆ ಟ್ರ್ಯಾಕಿನ ನಕಾಶೆಯನ್ನು ಮುಂದಿಟ್ಟೆ. ಒಂದು ಸುತ್ತಿಗೆ 13.626 ಕಿ.ಮೀ. ಅದರಲ್ಲಿ ಬಹುಪಾಲು ದಿನಾ ಜನ ಓಡಾಡುವ ಸರ್ಕಾರಿ ರಸ್ತೆ. ಓಟದ ವಾರ ಮುಚ್ಚುತ್ತಾರೆ, ಮುಗಿದ ಮೇಲೆ ಮತ್ತೆ ಹಾಲಿನ ಗಾಡಿ, ಶಾಲೆಯ ಬಸ್ಸು ಓಡುತ್ತವೆ ಎಂದಾಗ ಅವರಿಗೆ ಬಹಳ ಇಷ್ಟವಾಯಿತು.

ಟೆಂಟಿನ ಜಾಗಗಳು ಈ ಸುತ್ತಿನ ಉದ್ದಕ್ಕೂ ಚದುರಿಕೊಂಡಿವೆ. ಒಂದೊಂದರದೂ ಒಂದೊಂದು ಗುಣ. ಮೇಜೋ ಬ್ಲಾಂಶ್ ಇಂಗ್ಲಿಷರ ಠಾಣೆ. ಅಲ್ಲಿಂದ ಕೊನೆಯ ತಿರುವುಗಳೂ ಮುಖ್ಯ ಗ್ಯಾಲರಿಗಳೂ ಹತ್ತಿರ, ಸಂಗೀತ ಮತ್ತು ಬಿಯರು ಅದಕ್ಕಿಂತ ಹತ್ತಿರ. ಬೋಸೆಜೂರ್ ವಿಶಾಲವಾದದ್ದು, ಆದರೆ ನಡೆಯುವುದು ಜಾಸ್ತಿ. ಅರ್ನಾಜ್, ಮುಲ್ಸಾನ್ ಕಡೆಯವು ಸುತ್ತಿನ ದೂರದ ತುದಿಯಲ್ಲಿವೆ. ಅಲ್ಲಿ ಕಾರುಗಳು ಗಂಟೆಗೆ ಮುನ್ನೂರು ಕಿ.ಮೀ.ಗಿಂತ ಹೆಚ್ಚಿನ ವೇಗದಿಂದ ಬ್ರೇಕು ಹಾಕಿ ಇಳಿಯುವುದನ್ನು ಕೈಯಳತೆಯಲ್ಲಿ ನೋಡಬಹುದು. ಪಿಟ್ ಕಡೆಗೆ ಬರಬೇಕೆಂದರೆ ಮಾತ್ರ ಮುಚ್ಚಿದ ರಸ್ತೆಗಳನ್ನೆಲ್ಲ ಬಳಸಿ ಬರಬೇಕು. ತೆರ್ತ್ರ್ ರೂಜ್ ತಿರುವಿನ ಬಳಿಯ ಜಾಗ ಇವೆಲ್ಲದರ ನಡುವಿನದು. ಅಲ್ಲಿಂದ ಡನ್‌ಲಪ್ ಸೇತುವೆಗೆ ನಡೆದುಹೋಗಬಹುದು. ಕಾರುಗಳು ಆ ತಿರುವಿನಿಂದ ಬಿಡಿಸಿಕೊಂಡು ಉನೋದಿಯೇರ್‌ನ ನೇರ ರಸ್ತೆಗೆ ಬಿದ್ದು ಒಂದೊಂದೇ ಗೇರು ಏರಿಸುವುದು ಕೇಳಿಸುತ್ತದೆ.

"ಹಂಗಾದ್ರೆ ಅದೇ," ಅಂದರು ಮಾವ. "ಎಂಜಿನ್ನಿಗೆ ಭಾರ ಬಿದ್ದಾಗ ಅದರ ಆರೋಗ್ಯ ತಿಳೀತದ. ಬ್ರೇಕ್ ಹಾಕೋವಾಗ ಏನು ಕೇಳ್ತೀ?"

ಅವರ ಮೊಣಕಾಲು ನೋವು ನನಗೆ ಚಿಂತೆ. ವಾರವಿಡೀ ನೆಲದ ಮೇಲೆ ಮಲಗುವುದು, ಶೌಚಕ್ಕೂ ಸ್ನಾನಕ್ಕೂ ಸರದಿ ನಿಲ್ಲುವುದು ಅವರಿಂದಾಗದು. ಅತ್ತೆ ಫೋನಿನಲ್ಲಿ ಅದನ್ನೇ ಎರಡೆರಡು ಸಲ ಹೇಳಿದರು. ಕೊನೆಗೆ ಹೀಗೆ ಮಾಡಿದೆವು: ಸೋಮವಾರದವರೆಗೆ ಊರೊಳಗೆ ಟ್ರಾಮ್ ಹಾದಿಯಲ್ಲಿ ಒಂದು ಮನೆಯ ಕೋಣೆ. ಓಟದ ವಾರದಲ್ಲಿ ಮನೆಯ ಕೋಣೆಯನ್ನು ಬಾಡಿಗೆಗೆ ಕೊಡುವುದು ಆ ಊರಿನಲ್ಲಿ ಹಳೆಯ ವಾಡಿಕೆ. ಶುಕ್ರವಾರದಿಂದ ಭಾನುವಾರದವರೆಗೆ ತೆರ್ತ್ರ್ ರೂಜ್ ಕಡೆ, ಮೊದಲೇ ಹಾಕಿಟ್ಟಿರುವ, ಒಳಗೆ ಮಂಚವಿರುವ ಟೆಂಟು. ಎರಡಕ್ಕೂ ದುಡ್ಡು ಕೊಡುವುದು ದುಂದು ಎನ್ನಿಸಬಹುದು. ಆಯಾಸವಾದಾಗ ಬಿಸಿನೀರೂ ಬಾಗಿಲೂ ಇರುವ ಜಾಗವಿದೆ ಎನ್ನುವ ಧೈರ್ಯ ಇದ್ದರೆ ಅರವತ್ತೆಂಟು ವರ್ಷದವರು ರಾತ್ರಿಯಿಡೀ ಎಚ್ಚರ ಇರಬಲ್ಲರು. ಟ್ರಾಮ್‌ನ ಒಂದನೇ ಮಾರ್ಗ ರೈಲು ನಿಲ್ದಾಣದ ಮುಂದಿನಿಂದ ಹಾದು ಟ್ರ್ಯಾಕಿನ ಪಕ್ಕದ ಆಂತಾರೆಸ್ ನಿಲ್ದಾಣದಲ್ಲಿ ಮುಗಿಯುತ್ತದೆ. ಕಾರಿನ ಮಾತೇ ಇಲ್ಲ.

2025 ಮಾರ್ಚ್ 18, ಮಂಗಳವಾರ

ವೀಸಾ ಅರ್ಜಿ. ಪ್ರಯಾಣದ ಪ್ರತಿ ರಾತ್ರಿಗೂ ಎಲ್ಲಿ ಉಳಿಯುತ್ತೀರಿ ಎಂಬುದಕ್ಕೆ ಕಾಗದ ತೋರಿಸಬೇಕು. ಟೆಂಟಿನ ರಸೀದಿಯನ್ನು ಮೇಲಿಟ್ಟರೆ ಯಾರಿಗಾದರೂ ಅನುಮಾನ ಬಂದೀತು. ಕೋಣೆಯ ಕಾಗದ ಎಲ್ಲ ರಾತ್ರಿಗಳನ್ನೂ ಒಳಗೊಂಡಿದ್ದದ್ದು ಇಲ್ಲಿ ಕೈಹಿಡಿಯಿತು. ಅದನ್ನು ಮೇಲಿಟ್ಟು, ಓಟದ ಟಿಕೆಟ್ಟನ್ನೂ ಟೆಂಟಿನ ರಸೀದಿಯನ್ನೂ ಕೆಳಗೆ ಸೇರಿಸಿ ಕೊಟ್ಟೆವು. ಮಾವ ಗ್ಯಾರೇಜಿನ ಲೈಸೆನ್ಸಿನ ಪ್ರತಿಯನ್ನೂ ಇಡು ಅಂದರು. ಇಟ್ಟೆ.

2025 ಜೂನ್ 11, ಬುಧವಾರ, ಲ ಮಾನ್

ಕೋಣೆ ಸಣ್ಣದು, ಚೊಕ್ಕಟ. ಮನೆಯ ಯಜಮಾನಿ ವಯಸ್ಸಾದವರು, ಅವರಿಗೆ ಇಂಗ್ಲಿಷ್ ಬಾರದು, ಮಾವನಿಗೂ ಬಾರದು. ಇಬ್ಬರೂ ಅಂಗಳದಲ್ಲಿ ನಿಂತಿದ್ದ ಹಳೆಯ ಸಿತ್ರೋಯೆನ್ ಕಾರಿನ ಬಾನೆಟ್ ಎತ್ತಿ ಅರ್ಧ ಗಂಟೆ ಮಾತಾಡಿದರು. ನಾನು ಮಧ್ಯೆ ಹೋಗಲಿಲ್ಲ.

ಸಂಜೆ ಅಭ್ಯಾಸಕ್ಕೆ ಹೋದೆವು. ಇವತ್ತೂ ನಾಳೆಯೂ ನಡುರಾತ್ರಿಯವರೆಗೆ ಕಾರುಗಳು ಓಡುತ್ತವೆ. ಓಟದ ರಾತ್ರಿಗೆ ಮೊದಲೇ ಕತ್ತಲಲ್ಲಿ ಹಾದಿ, ಮೆಟ್ಟಿಲು, ಶೌಚಾಲಯ, ನೀರಿನ ನಲ್ಲಿ ಎಲ್ಲೆಲ್ಲಿವೆ ಎಂದು ಕಾಲಿಗೆ ರೂಢಿಯಾಗಲು ಇದು ಒಳ್ಳೆಯ ಅವಕಾಶ. ಮಾವನಿಗೆ ಕೂರಲು ಅನುಕೂಲವಾದ ಒಂದು ದಿಬ್ಬವನ್ನು ಗುರುತು ಹಾಕಿಕೊಂಡೆವು.

2025 ಜೂನ್ 13, ಶುಕ್ರವಾರ

ವಿಪರೀತ ಸೆಕೆ. ಬೆಳಗ್ಗೆ ಹಳೆಯ ಪೇಟೆಯ ರೋಮನ್ ಗೋಡೆಯ ನೆರಳಲ್ಲಿ ನಡೆದೆವು. ಮುಂದೆ ಇಂಗ್ಲೆಂಡಿನ ದೊರೆಯಾದ ಎರಡನೇ ಹೆನ್ರಿ 1133ರಲ್ಲಿ ಹುಟ್ಟಿದ್ದು ಈ ಊರಲ್ಲಿ. ಸಂಜೆ ಚಾಲಕರ ಮೆರವಣಿಗೆ. ಹಳೆಯ ಕಾರುಗಳಲ್ಲಿ ಕೂತು ಕೈಬೀಸುತ್ತ ಬರುತ್ತಾರೆ, ಮಕ್ಕಳು ಟೋಪಿ ಒಡ್ಡುತ್ತಾರೆ. ಚೆನ್ನೈನ ಕರುಣ್ ಚಂದೋಕ್ 2012ರಲ್ಲಿ ಇಲ್ಲಿ ಓಡಿಸಿ ಆರನೆಯವರಾಗಿ ಮುಗಿಸಿದ್ದು, ನಮ್ಮ ಬೆಂಗಳೂರಿನ ಅರ್ಜುನ್ ಮೈನಿ 2019ರಲ್ಲಿ ಓಡಿಸಿದ್ದು ಮಾವನಿಗೆ ಗೊತ್ತಿರಲಿಲ್ಲ. ಹೇಳಿದಾಗ, "ನಮ್ಮ ಹುಡುಗನಾ!" ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು.

ಸಾಮಾನು ಕೋಣೆಯಲ್ಲೇ ಬಿಟ್ಟು, ಒಂದು ಚೀಲ ಮಾತ್ರ ಹಿಡಿದು ಟೆಂಟಿಗೆ ಬಂದೆವು. ಚೀಲದಲ್ಲಿ ಅತ್ತೆ ಕಟ್ಟಿಕೊಟ್ಟ ಖಾರ ಮಂಡಕ್ಕಿ, ಚಟ್ನಿಪುಡಿ. ಇಲ್ಲಿಯ ಅಂಗಡಿಗಳಲ್ಲಿ ನೋಡಿದ ಕಡೆಯೆಲ್ಲ ಹಂದಿಮಾಂಸದ ರಿಯೆತ್ ಸಿಗುತ್ತದೆ, ಅದು ಊರಿನ ಹೆಮ್ಮೆ. ನಮಗೆ ಬ್ರೆಡ್ಡು, ಚೀಸು, ಟೊಮೆಟೊ ಸಾಕಾಯಿತು.

2025 ಜೂನ್ 15, ಭಾನುವಾರ, ಬೆಳಗಿನ ಜಾವ 5

ನಿನ್ನೆ ನಾಲ್ಕಕ್ಕೆ ಟೆನಿಸ್‌ನ ರೋಜರ್ ಫೆಡರರ್ ಬಾವುಟ ಬೀಸಿದರು, 62 ಕಾರುಗಳು ಹೊರಟವು. ಹಗಲಿನ ಕಥೆ ಪತ್ರಿಕೆಗಳಲ್ಲಿ ಬರುತ್ತದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಹನ್ನೊಂದಕ್ಕೆ ಕತ್ತಲಾಯಿತು. ಮಾವ ಟೆಂಟಿಗೆ ಹೋಗಿ ಒಂದು ಗಂಟೆಯವರೆಗೆ ಮಲಗಿ ಎದ್ದುಬಂದರು. ಹಾಸಿಗೆ ಹತ್ತಿರವಿದ್ದದ್ದರಿಂದ ಇದು ಸಾಧ್ಯವಾಯಿತು. ದೂರದಲ್ಲಿದ್ದಿದ್ದರೆ ಮಲಗಿದವರು ಬೆಳಗ್ಗೆಯೇ ಏಳುತ್ತಿದ್ದದ್ದು. ಆಮೇಲೆ ದಿಬ್ಬದ ಮೇಲೆ ಶಾಲು ಹೊದ್ದು ಕೂತರು. ಮೊದಲು ಕಣ್ಣಿಂದಲೇ ನೋಡುತ್ತಿದ್ದರು. ಮುಂದಿನ ದೀಪ ಕಣ್ಣಿಗೆ ಹೊಡೆದು ಯಾವ ಕಾರೆಂದು ತಿಳಿಯುವಷ್ಟರಲ್ಲಿ ಕೆಂಪು ದೀಪವಾಗಿ ದಾಟಿಹೋಗುತ್ತಿತ್ತು. ಎರಡರ ಸುಮಾರಿಗೆ ಕಣ್ಣು ಮುಚ್ಚಿದರು. ನಿದ್ದೆ ಬಂತೆಂದುಕೊಂಡೆ.

"ಇದು ಟರ್ಬೊ ಇಲ್ಲದ್ದು. ಎಂಟು ಸಿಲಿಂಡರು. ಅಮೆರಿಕದ್ದು," ಅಂದರು. ಕ್ಯಾಡಿಲಾಕ್. "ಇದು ಆರು ಸಿಲಿಂಡರು, ಟರ್ಬೊ ಐತಿ, ದನಿ ಒಳಗೇ ನುಂಗ್ತದ." ಫೆರಾರಿ. ಆಸ್ಟನ್ ಮಾರ್ಟಿನ್ ವಾಲ್ಕಿರಿಯ ಹನ್ನೆರಡು ಸಿಲಿಂಡರಿನ ಎಂಜಿನ್ನು ಎಸ್ಸೆಸ್ ತಿರುವುಗಳ ಕಡೆಯಿಂದ ಬರುವಾಗಲೇ ಅವರ ಕೈ ಮೇಲೇಳುತ್ತಿತ್ತು. ಅದು ತಿರುವಿನಿಂದ ಹೊರಬಿದ್ದು ನೇರ ರಸ್ತೆಯಲ್ಲಿ ಕೂಗುತ್ತ ದೂರವಾಗುವವರೆಗೂ, ಮರಗಳ ಆಚೆ ಗೇರು ಬದಲಾದದ್ದು ಕೇಳುವವರೆಗೂ ಕೈ ಕೆಳಗಿಳಿಯುತ್ತಿರಲಿಲ್ಲ. ಮುಂಚೂಣಿಯ ಕಾರಿಗೆ ಒಂದು ಸುತ್ತು ಹೆಚ್ಚುಕಡಿಮೆ ಮೂರೂವರೆ ನಿಮಿಷ. ಹಾಗಾಗಿ ಒಂದೇ ದನಿ ಮತ್ತೆ ಮತ್ತೆ ಬರುತ್ತದೆ. ಒಂದು ಜಿಟಿ3 ಕಾರಿನ ದನಿಯಲ್ಲಿ ಏನೋ ಹರಕು ಇದೆ, ಅದು ಮುಗಿಸುವುದಿಲ್ಲ ಎಂದರು. ಆಮೇಲೆ ಅದು ಮತ್ತೆ ಕೇಳಿಸಲಿಲ್ಲ. ಪಿಟ್‌ಗೆ ಹೋಯಿತೋ ನಿಂತೇಹೋಯಿತೋ ತಿಳಿಯದು.

ಈಗ ಪೂರ್ವ ಬೆಳ್ಳಗಾಗುತ್ತಿದೆ. ಜಾತ್ರೆಯ ದೊಡ್ಡ ಚಕ್ರದ ದೀಪಗಳು ಪೇಲವವಾಗಿವೆ. ಪಕ್ಕದ ಟೆಂಟಿನ ಡೇನಿಷ್ ಹುಡುಗರು ನಮಗೂ ಕಾಫಿ ಕೊಟ್ಟರು, ಮಾವ ಮಂಡಕ್ಕಿ ಕೊಟ್ಟರು. ಅವರೂ ಮಾವನ ಹತ್ತಿರ ಕೂತು ಕಣ್ಣು ಮುಚ್ಚಿ ಕಾರು ಹೇಳುವ ಆಟಕ್ಕೆ ಇಳಿದಿದ್ದಾರೆ.

2025 ಜೂನ್ 16, ಸೋಮವಾರ

ನಿನ್ನೆ ಹಳದಿ ಬಣ್ಣದ 83ನೇ ಫೆರಾರಿ ಗೆದ್ದಿತು. ಎರಡನೆಯ ಪೋರ್ಷೆಗೂ ಅದಕ್ಕೂ ನಡುವೆ 14 ಸೆಕೆಂಡು. ಕೊನೆಯ ಗಂಟೆಗಳಲ್ಲಿ ಓಡಿಸಿದವರು ರಾಬರ್ಟ್ ಕುಬಿಟ್ಸ. 2011ರ ರ‍್ಯಾಲಿ ಅಪಘಾತದಲ್ಲಿ ಬಲಗೈ ತುಂಡಾಗುವಷ್ಟು ಗಾಯವಾಗಿತ್ತು ಅವರಿಗೆ. ಮಾವ ಎದ್ದುನಿಂತು ಚಪ್ಪಾಳೆ ಹೊಡೆದರು.

ನಾಲ್ಕು ಗಂಟೆಗೆ ಬಾವುಟ ಬಿದ್ದದ್ದೇ ತಡ, ಎಲ್ಲರೂ ಒಮ್ಮೆಗೇ ಹೊರಟರು. ರಸ್ತೆ ತುಂಬಿತು, ರೈಲು ನಿಲ್ದಾಣವೂ ತುಂಬಿರಬೇಕು. ನಾವು ಆತುರಪಡದೆ ದಿಬ್ಬದ ಮೇಲೇ ಕೂತು, ಏಳರ ನಂತರ ಟ್ರಾಮ್ ಹಿಡಿದು ಕೋಣೆಗೆ ಬಂದೆವು. ಬಿಸಿನೀರಿನಲ್ಲಿ ಸ್ನಾನ ಮಾಡಿ ಮಾವ ಮಲಗಿದವರು ಇವತ್ತು ಒಂಬತ್ತಕ್ಕೆ ಎದ್ದರು. ಭಾನುವಾರ ರಾತ್ರಿಗೂ ಕೋಣೆ ಹಿಡಿದದ್ದರ ಬೆಲೆ ಅಷ್ಟು ಹೊತ್ತಿನಲ್ಲೇ ಮುಟ್ಟಿತು.

ಹೊರಡುವಾಗ ಯಜಮಾನಿ ಕ್ಯಾಲೆಂಡರು ತಂದು ಮುಂದಿನ ಜೂನ್ ತೋರಿಸಿದರು. ಈ ವರ್ಷ ಬಂದವರಿಗೆ ಕೋಣೆ ಮೊದಲು, ಆಮೇಲೆ ಬೇರೆಯವರಿಗೆ, ಸೆಪ್ಟೆಂಬರಿನೊಳಗೆ ತಿಳಿಸಿ ಎಂದು ಬರೆದುಕೊಟ್ಟರು. ನಾನು ಓದಿ ಹೇಳುತ್ತಿದ್ದಂತೆ ಮಾವ, "ಸೆಪ್ಟೆಂಬರ್ ಯಾಕೆ, ಈಗ್ಲೇ ಹೇಳಿಬಿಡು," ಅಂದರು. ಮುಂಗಡ ಎಷ್ಟು ಎಂದು ಕೇಳಿದೆ.