ಕಾಯಿ ಹಣ್ಣಾಗುವ ದಾರಿ

ಈ ಸ್ಮರಣಸಂಚಿಕೆಗಾಗಿ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ನನ್ನನ್ನು ಕೇಳಿಕೊಂಡಾಗ, ಶಾಲೆಯ ಚರಿತ್ರೆಯನ್ನೋ ಪರೀಕ್ಷೆಯ ಫಲಿತಾಂಶವನ್ನೋ ಕುರಿತು ಬರೆಯುವೆನೆಂದು ಎಣಿಸಿರಬಹುದು. ಅವೆಲ್ಲವನ್ನೂ ಓದುಗರು ವಾರ್ಷಿಕ ವರದಿಯಲ್ಲಿ ಕಾಣುವರು. ನಾನು ಬರೆಯಹೊರಟಿರುವದು ಆಟವನ್ನು ಕುರಿತು. ಅದರಲ್ಲಿಯೂ ಇಂದಿನ ತಂದೆತಾಯಿಗಳು ಬಹಳವಾಗಿ ದೂರುವ ಮೊಬೈಲ್ ಫೋನಿನ ಆಟವನ್ನು ಕುರಿತು. ಮುಖ್ಯೋಪಾಧ್ಯಾಯಿನಿಯಾದವಳಿಗೆ ಇದು ತಕ್ಕ ವಿಷಯವೇ ಎಂದು ಕೆಲವರಿಗೆ ತೋರಬಹುದು. ಆದರೆ ನಮ್ಮ ಕರ್ತನು ಬಿತ್ತುವವನನ್ನೂ, ಹಿಟ್ಟಿನಲ್ಲಿ ಕಲಸಿಟ್ಟ ಹುಳಿಯನ್ನೂ, ಪೇಟೆಯ ಬೀದಿಯಲ್ಲಿ ಕುಳಿತು ಕೊಳಲೂದುತ್ತ ಆಡುವ ಮಕ್ಕಳನ್ನೂ ಕಂಡು ಉಪದೇಶ ಮಾಡಿದನಷ್ಟೆ. ಮಕ್ಕಳ ಆಟವು ಆತನ ಕಣ್ಣಿಗೆ ಅಲ್ಪವಾದದ್ದಾಗಿ ಕಾಣಲಿಲ್ಲ.

2020ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ಕೊರೋನ ವ್ಯಾಧಿಯ ನಿಮಿತ್ತವಾಗಿ ಶಾಲೆಗಳು ಮುಚ್ಚಲ್ಪಟ್ಟ ಸಂಗತಿಯನ್ನು ಯಾರೂ ಮರೆತಿರಲಾರರು. ಗುಬ್ಬಿಯಿಂದ ರೈಲಿನಲ್ಲಿ ಬರುವ ಬಾಲಿಕೆಯರಾಗಲಿ, ಕುಣಿಗಲಿನಿಂದ ಹೆಬ್ಬೂರಿನ ಮಾರ್ಗವಾಗಿ ಬಸ್ಸಿನಲ್ಲಿ ಬರುವವರಾಗಲಿ, ತುಮಕೂರು ಪೇಟೆಯಲ್ಲಿಯೇ ವಾಸವಾಗಿರುವವರಾಗಲಿ, ಎಲ್ಲರೂ ತಂತಮ್ಮ ಮನೆಗಳಲ್ಲಿಯೇ ಇರಬೇಕಾಯಿತು. ಪಾಠಗಳು ಫೋನಿನ ಮೂಲಕ ನಡೆದವು. ಮನೆಯಲ್ಲಿ ಇದ್ದ ಒಂದೇ ಫೋನನ್ನು ಪಾಠಕ್ಕೆಂದು ಮಗಳ ಕೈಗೆ ಕೊಟ್ಟರು. ಪಾಠದ ಹಿಂದೆಯೇ ಆಟವೂ ಒಳಗೆ ಬಂದಿತು. ಆ ದಿನಗಳಲ್ಲಿ ಹೆಚ್ಚಾಗಿ ಆಡಲ್ಪಟ್ಟದ್ದು ಲೂಡೋ. ಮುಂಬಯಿಯವರು 2016ರಲ್ಲಿ ಹೊರತಂದ 'ಲೂಡೋ ಕಿಂಗ್' ಎಂಬ ಆಟವನ್ನು ಅಜ್ಜಿಯರು ಸಹ ಮೊಮ್ಮಕ್ಕಳೊಡನೆ ಆಡಿದರೆಂದು ಶಾಲೆ ತೆರೆದ ಮೇಲೆ ನಮ್ಮ ಬಾಲಿಕೆಯರು ಸಂತೋಷದಿಂದ ಹೇಳಿದರು. ಅಜ್ಜಿಯರಿಗೆ ಅದು ಅಷ್ಟು ಬೇಗ ಬಂದುದರಲ್ಲಿ ಆಶ್ಚರ್ಯವೇನೂ ಇಲ್ಲ. ಲೂಡೋ ಎಂಬುವದಕ್ಕೆ ಇಂಗ್ಲೆಂಡಿನಲ್ಲಿ ಹಕ್ಕುಪತ್ರ ದೊರೆತರೂ, ಅದರ ತೌರುಮನೆ ನಮ್ಮ ದೇಶದ ಪಚೀಸಿಯೇ. ನಮ್ಮ ಸೀಮೆಯ ಪಗಡೆಯೂ ಚೌಕಾಬಾರವೂ ಅದೇ ಕುಟುಂಬಕ್ಕೆ ಸೇರಿದವು.

ಮೈಸೂರು ಸೀಮೆಯಲ್ಲಿ ಇಂಥ ಆಟಗಳಿಗೆ ರಾಜಮನ್ನಣೆಯೂ ಉಂಟಾಗಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರವರು ಅನೇಕ ಹಲಗೆಯಾಟಗಳನ್ನು ರಚಿಸಿದರು. ಅವರ ಶ್ರೀತತ್ತ್ವನಿಧಿಯ ಕಡೆಯ ಭಾಗವಾದ ಕೌತುಕನಿಧಿಯಲ್ಲಿ ಆಟಗಳ ವಿವರವಿದೆ. 1831ರಲ್ಲಿ ರಾಜ್ಯದ ಆಡಳಿತವು ಅವರ ಕೈತಪ್ಪಿ ಇಂಗ್ಲಿಷ್ ಕಮಿಷನರುಗಳ ವಶವಾಯಿತು. 1868ರಲ್ಲಿ ಅವರು ತೀರಿಕೊಳ್ಳುವವರೆಗೂ ಅದು ಹಿಂದಿರುಗಲಿಲ್ಲ. ರಾಜ್ಯವನ್ನು ಕಳೆದುಕೊಂಡವರೊಬ್ಬರು ಬುದ್ಧಿಯನ್ನು ಕಹಿಯಾಗಗೊಡದೆ ಪಂಡಿತರನ್ನೂ ಚಿತ್ರಕಾರರನ್ನೂ ಪೋಷಿಸುತ್ತ, ಆಟಗಳನ್ನು ಕಟ್ಟುತ್ತ ಇದ್ದರೆಂಬುವದೇ ಒಂದು ಪಾಠ.

ಚೌಕಾಬಾರವನ್ನು ಅರಿಯದ ಕಿರಿಯ ಓದುಗರಿಗಾಗಿ ಅದರ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಜಗಲಿಯ ಕಲ್ಲಿನ ಮೇಲೆ ಸುಣ್ಣದ ಕಡ್ಡಿಯಿಂದ ಐದೈದರಂತೆ ಇಪ್ಪತ್ತೈದು ಮನೆಗಳನ್ನು ಬರೆಯುವರು. ನಾಲ್ಕು ಅಂಚುಗಳ ನಡುಮನೆಗಳಿಗೂ ಮಧ್ಯದ ಮನೆಗೂ ಕತ್ತರಿಗುರುತು ಹಾಕುವರು. ಒಬ್ಬೊಬ್ಬರಿಗೆ ನಾಲ್ಕು ಕಾಯಿಗಳು. ಬಳೆಯ ಚೂರು, ಕಲ್ಲು, ಬೀಜ, ಯಾವುದಾದರೂ ಸರಿಯೆ. ಕವಡೆಗಳನ್ನು ಬಿಡುವರು, ಕವಡೆ ಇಲ್ಲದವರು ಹುಣಸೆಬೀಜವನ್ನು ಒಂದು ಮಗ್ಗುಲಲ್ಲಿ ಬೆಳ್ಳಗಾಗುವಂತೆ ತೇಯ್ದುಕೊಳ್ಳುವರು. ನಾಲ್ಕು ಬಿದ್ದರೆ ಚೌಕ, ಎಂಟು ಬಿದ್ದರೆ ಬಾರ. ಕಾಯಿಯು ಹೊರಸುತ್ತನ್ನು ಮುಗಿಸಿ, ಒಳಸುತ್ತನ್ನು ಸೇರಿ, ಕಡೆಗೆ ನಡುಮನೆಯನ್ನು ಮುಟ್ಟಬೇಕು. ದಾರಿಯಲ್ಲಿ ಎದುರಾಳಿಯ ಕಾಯಿಯು ಅದೇ ಮನೆಗೆ ಬಂದರೆ ಇದು ಕಡಿಯಲ್ಪಟ್ಟು ಮೊದಲಿನ ಮನೆಗೆ ಹಿಂದಿರುಗುವದು. ನಡುಮನೆ ಸೇರಿದ ಕಾಯಿಗೆ ನಮ್ಮ ಹೆಂಗಸರು 'ಗೆದ್ದಿತು' ಎನ್ನುವದಿಲ್ಲ; 'ಹಣ್ಣಾಯಿತು' ಎನ್ನುತ್ತಾರೆ. ಈ ಒಂದು ಮಾತಿನ ಸೊಗಸನ್ನು ನಾನು ಎಷ್ಟು ಸಾರಿ ಮೆಲುಕುಹಾಕಿದ್ದೇನೋ! ಕಾಯಿಯು ಮರದ ಮೇಲೆ ಬಿಸಿಲು ಗಾಳಿಗಳನ್ನು ತಡೆದುಕೊಂಡೇ ಹಣ್ಣಾಗುವದು. ಉಪದ್ರವದಿಂದ ತಾಳ್ಮೆಯೂ, ತಾಳ್ಮೆಯಿಂದ ಅನುಭವವೂ, ಅದರಿಂದ ನಿರೀಕ್ಷೆಯೂ ಹುಟ್ಟುವದೆಂದು ಪೌಲನು ರೋಮಾಪುರದವರಿಗೆ ಬರೆದದ್ದರ ತಿರುಳೂ ಇದೇ ಅಲ್ಲವೇ?

ಈ ಆಟದಿಂದ ನಾನು ಗ್ರಹಿಸಿದ ಮೊದಲನೆಯ ಸಂಗತಿ ಇದು: ಕವಡೆ ಬೀಳುವ ಬಗೆ ನಮ್ಮ ಕೈಯಲ್ಲಿಲ್ಲ, ಆದರೆ ಬಿದ್ದ ಲೆಕ್ಕದಿಂದ ಯಾವ ಕಾಯಿಯನ್ನು ನಡೆಸಬೇಕೆಂಬುವದು ನಮ್ಮ ಕೈಯಲ್ಲಿದೆ. ನಮ್ಮ ಜಿಲ್ಲೆಯ ಒಕ್ಕಲುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಬಿದ್ದರೆ ರಾಗಿ. ತಪ್ಪಿದರೆ ತೆಂಗಿನ ಮರವೂ ಸುಳಿ ಒಣಗಿ ನಿಲ್ಲುವದು. 1876ರಿಂದ 1878ರವರೆಗಿನ ಘೋರಕ್ಷಾಮದಲ್ಲಿ ಈ ಸೀಮೆಯ ಲಕ್ಷಾಂತರ ಜನರು ಅಳಿದರು. ಅದರ ಹೊಡೆತದಲ್ಲಿ ಅನಾಥರಾಗಿ ಉಳಿದ ಮಕ್ಕಳನ್ನು ಎತ್ತಿ ಸಾಕಿ, ಓದುಬರಹವನ್ನೂ ಕೈಕಸಬನ್ನೂ ಕಲಿಸಿದವರಲ್ಲಿ ಮಿಷನ್ನಿನವರೂ ಇದ್ದರು. ಮಳೆಯನ್ನು ತರಿಸಲು ಅವರಿಗೆ ಶಕ್ತಿ ಇರಲಿಲ್ಲ. ಬಾಗಿಲನ್ನು ತೆರೆಯಲು ಇತ್ತು. ಯೋಸೇಫನು ತಾನು ಬೀಳುವ ಗುಂಡಿಯನ್ನೂ ಸೆರೆಮನೆಯನ್ನೂ ಆರಿಸಿಕೊಳ್ಳಲಿಲ್ಲ. ಆದರೆ ಸೆರೆಮನೆಯೊಳಗೆ ಹೇಗೆ ನಡೆದುಕೊಳ್ಳಬೇಕೆಂಬುವದನ್ನು ಅವನೇ ಆರಿಸಿಕೊಂಡನು.

ಎರಡನೆಯದು: ಕಡಿಯಲ್ಪಟ್ಟ ಕಾಯಿಯು ಮನೆಗೆ ಹಿಂದಿರುಗುವದೇ ಹೊರತು ಆಟದಿಂದ ಹೊರಬೀಳುವದಿಲ್ಲ. ಇದಕ್ಕೆ ನಮ್ಮ ಗುಬ್ಬಿಯಲ್ಲಿಯೇ ಒಂದು ದೃಷ್ಟಾಂತವುಂಟು. ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ನರು 1837ರಲ್ಲಿ ಗುಬ್ಬಿಯಲ್ಲಿ ಕನ್ನಡದ ಸೇವೆಯನ್ನು ಆರಂಭಿಸಿದರು. 1839ರಲ್ಲಿ ವಿಲಿಯಂ ಆರ್ಥರ್ ಎಂಬ ಇಪ್ಪತ್ತು ವಯಸ್ಸಿನ ಐರ್ಲೆಂಡಿನ ತರುಣರು ಬಂದು ಅವರೊಡನೆ ಸೇರಿದರು. ಕನ್ನಡವನ್ನು ಕಲಿತು ಜೀವಮಾನವೆಲ್ಲ ಇಲ್ಲಿಯೇ ದುಡಿಯಬೇಕೆಂಬ ಆಶೆಯಿಂದ ಬಂದವರಿಗೆ ಆರೋಗ್ಯವು ಕೆಟ್ಟು, 1841ರಲ್ಲಿ ಸ್ವದೇಶಕ್ಕೆ ಹಿಂದಿರುಗಬೇಕಾಯಿತು. ಆಟದ ಮಾತಿನಲ್ಲಿ ಹೇಳುವದಾದರೆ, ಒಳಸುತ್ತಿಗೆ ಮುಟ್ಟುವ ಮೊದಲೇ ಕಾಯಿ ಕಡಿಯಲ್ಪಟ್ಟಿತು. ಆದರೂ ಅವರು ಮನೆಯಲ್ಲಿ ಮುಖ ಮುಚ್ಚಿಕೊಂಡು ಕುಳಿತುಕೊಳ್ಳಲಿಲ್ಲ. 1847ರಲ್ಲಿ ಗುಬ್ಬಿಯ ಅನುಭವಗಳನ್ನು ಬರೆದು 'ಎ ಮಿಷನ್ ಟು ದಿ ಮೈಸೂರ್' ಎಂಬ ಗ್ರಂಥವನ್ನು ಪ್ರಕಟಿಸಿದರು. 1851ರಲ್ಲಿ ಮಿಷನರಿ ಸಂಘದ ಕಾರ್ಯದರ್ಶಿಗಳಲ್ಲಿ ಒಬ್ಬರಾದರು. 1866ರಲ್ಲಿ ವೆಸ್ಲಿಯನ್ ಸಭೆಯ ಅಧ್ಯಕ್ಷರಾದರು. ಮೂರು ಸಾರಿ ಕರ್ತನನ್ನು ಅರಿಯೆನೆಂದ ಪೇತ್ರನಿಗೆ ಸಮುದ್ರತೀರದಲ್ಲಿ ಮೂರು ಸಾರಿ ಮರಳಿ ಕರೆ ದೊರೆತದ್ದನ್ನು ನಾವು ಬಲ್ಲೆವು. ಪರೀಕ್ಷೆಯಲ್ಲಿ ತಪ್ಪಿದ ಬಾಲಿಕೆಯರಿಗೆ ನಾನು ಈ ಇಬ್ಬರ ಕಥೆಯನ್ನೂ ಹೇಳುವದುಂಟು.

ಮೂರನೆಯದು ಕತ್ತರಿಗುರುತಿನ ಮನೆಯ ವಿಷಯ. ಅಲ್ಲಿ ನಿಂತ ಕಾಯಿಯನ್ನು ಯಾರೂ ಕಡಿಯಲಾರರು. ಪ್ರಾರ್ಥನೆಯೂ, ಕ್ರೈಸ್ತ ಸಭೆಯೂ, ಒಳ್ಳೆಯ ತಾಯಿಯ ಮಡಿಲೂ ಇಂಥ ಆಶ್ರಯಗಳೇ. ಆದರೆ ಅಲ್ಲಿಯೇ ತಂಗಿರುವ ಕಾಯಿಯು ಎಂದಿಗೂ ಹಣ್ಣಾಗದು. ಎಲೀಯನು ಹೆದರಿ ಓಡಿಹೋಗಿ ಹೋರೇಬಿನ ಗವಿಯಲ್ಲಿ ಅಡಗಿಕೊಂಡಾಗ, ದೇವರು ಅವನಿಗೆ ದಾರಿಯಲ್ಲಿ ಅನ್ನವನ್ನೂ ನಿದ್ರೆಯನ್ನೂ ಕೊಟ್ಟನು. ಆದರೆ ಗವಿಯಲ್ಲಿಯೇ ಇರಗೊಡದೆ ಬಂದ ದಾರಿಯಲ್ಲಿಯೇ ಹಿಂದಕ್ಕೆ ಕಳುಹಿಸಿದನು. ಮಗಳಿಗೆ ಕಷ್ಟವೇ ತಾಕಬಾರದೆಂದು ಅವಳನ್ನು ಮನೆಯಲ್ಲಿಯೇ ಇರಿಸಿಕೊಳ್ಳುವ ತಂದೆತಾಯಿಗಳು ಇದನ್ನು ಆಲೋಚಿಸುವದು ಒಳ್ಳೆಯದು.

ಇಷ್ಟು ಹೇಳಿದ ಮೇಲೆ, ಆಟದ ಉಪದೇಶಕ್ಕೆ ಒಂದು ಎಲ್ಲೆಯುಂಟೆಂಬುವದನ್ನೂ ಹೇಳಬೇಕು. ಚೌಕಾಬಾರದಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದ ಹೊರತು ಒಳಸುತ್ತಿಗೆ ಪ್ರವೇಶವಿಲ್ಲ. ಲೋಕವೂ ಹಾಗೆಯೇ ಕಲಿಸುತ್ತದೆ. ಸುವಾರ್ತೆಯಾದರೋ ಇದಕ್ಕೆ ತೀರ ವಿರುದ್ಧವಾದದ್ದನ್ನು ಕಲಿಸುತ್ತದೆ. ಇದಲ್ಲದೆ, ಎಲ್ಲ ಕಾಯಿಗಳೂ ಮರಳಿ ಹೂಡಲ್ಪಡುವವೆಂಬ ಮಾತು ಆಟಕ್ಕೆ ಸಲ್ಲುವದೇ ಹೊರತು ಬಾಳಿಗೆ ಯಾವಾಗಲೂ ಸಲ್ಲದು. ಇದನ್ನು ನನಗೆ ತೋರಿಸಿಕೊಟ್ಟವಳು ಒಬ್ಬ ವಿದ್ಯಾರ್ಥಿನಿ.

ಅವಳು ಕುಣಿಗಲ್ ತಾಲ್ಲೂಕಿನ ಒಂದು ಒಕ್ಕಲು ಕುಟುಂಬದವಳು; ವಿದ್ಯಾರ್ಥಿನಿಲಯದಲ್ಲಿದ್ದು ಓದುತ್ತಿದ್ದಳು. ಒಂಬತ್ತು ವರ್ಷದ ಅವಳ ತಮ್ಮನಿಗೆ ರಕ್ತದ ಕ್ಯಾನ್ಸರ್ ಬಂದು, ಬೆಂಗಳೂರಿನಲ್ಲಿ ಚಿಕಿತ್ಸೆ ನಡೆಯುತ್ತಿತ್ತು. ಭಾನುವಾರ ಮಧ್ಯಾಹ್ನ ಅರ್ಧ ಗಂಟೆಯ ಹೊತ್ತು ಫೋನನ್ನು ಉಪಯೋಗಿಸಲು ವಿದ್ಯಾರ್ಥಿನಿಲಯದಲ್ಲಿ ಅಪ್ಪಣೆಯುಂಟು. ಆ ಅರ್ಧ ಗಂಟೆಯಲ್ಲಿ ಅಕ್ಕ ಇಲ್ಲಿ, ತಮ್ಮ ಅಲ್ಲಿ ಹಾಸಿಗೆಯ ಮೇಲೆ, ಇಬ್ಬರೂ ಲೂಡೋ ಆಡುವರು. ಅವನ ಕಾಯಿಯು ಕಡಿಯಲ್ಪಟ್ಟಾಗ ಇವಳು ನೊಂದುಕೊಂಡರೆ, ಆ ಹುಡುಗನೇ “ಇನ್ನೂ ಮೂರು ಕಾಯಿ ಅವೆ ಕಣಕ್ಕಾ” ಎಂದು ಸಮಾಧಾನ ಹೇಳುತ್ತಿದ್ದನಂತೆ. ತಾಯಿಯವರು ಮನೆದೇವರಿಗೆ ಹರಕೆ ಹೊತ್ತಿದ್ದರು. ಇವಳು ನಮ್ಮ ಸಂಜೆಯ ಪ್ರಾರ್ಥನೆಯಲ್ಲಿ ತಪ್ಪದೆ ತಮ್ಮನ ಹೆಸರನ್ನು ಹೇಳಿಸುತ್ತಿದ್ದಳು. ಮಳೆಗಾಲದಲ್ಲಿ ಆ ಬಾಲಕನು ತೀರಿಕೊಂಡನು.

ಹದಿನೈದು ದಿನಗಳ ತರುವಾಯ ಅವಳು ಹಿಂದಿರುಗಿ ನನ್ನ ಕೊಠಡಿಗೆ ಬಂದು, “ಮಿಸ್, ನಾವೆಲ್ಲರೂ ಪ್ರಾರ್ಥಿಸಿದೆವಲ್ಲ, ದೇವರು ಕೇಳಲಿಲ್ಲವೇ?” ಎಂದಳು. ಇಪ್ಪತ್ತು ವರ್ಷಗಳಿಂದ ಸತ್ಯವೇದವನ್ನು ಕಲಿಸುತ್ತ ಬಂದಿದ್ದೇನೆ. ಉತ್ತರಗಳು ಹಲವು ನಾಲಿಗೆಯ ತುದಿಗೆ ಬಂದವು; ಯಾವುದೂ ಆ ಮುಖದ ಮುಂದೆ ಆಡತಕ್ಕದ್ದಾಗಿರಲಿಲ್ಲ. ಯೋಬನ ಸ್ನೇಹಿತರು ಏಳು ದಿನಗಳು ಅವನ ಸಂಗಡ ನೆಲದ ಮೇಲೆ ಸುಮ್ಮನೆ ಕುಳಿತಿದ್ದಾಗ ಒಳ್ಳೆಯ ಸ್ನೇಹಿತರಾಗಿದ್ದರು. ಕಾರಣಗಳನ್ನು ಹೇಳತೊಡಗಿದ ಮೇಲೆಯೇ ಕೆಟ್ಟರು. ನಾನು ಅವಳ ಪಕ್ಕದಲ್ಲಿ ಕುಳಿತೆನು. ಲಾಜರನ ಸಮಾಧಿಯ ಬಳಿ ಯೇಸುಸ್ವಾಮಿಯು ಅತ್ತನೆಂದೂ, ಗೆತ್ಸೇಮನೆ ತೋಟದಲ್ಲಿ ತನ್ನ ಪಾತ್ರೆಯು ತೊಲಗಲೆಂದು ಆತನೇ ಬೇಡಿಕೊಂಡರೂ ಅದು ತೊಲಗಲಿಲ್ಲವೆಂದೂ ಮಾತ್ರ ಹೇಳಿದೆನು. “ಹಾಗಾದರೆ ಆತನಿಗೂ ಗೊತ್ತು” ಎಂದಳು. ಹೆಚ್ಚಿಗೆ ಏನನ್ನೂ ಕೇಳಲಿಲ್ಲ.

ಆ ವರ್ಷದ ರಜೆಯಲ್ಲಿ ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಗನಿಗೆ ಈ ಸಂಗತಿಯನ್ನು ತಿಳಿಸಿದಾಗ, ಅವನು ಕಂಪ್ಯೂಟರಿನಲ್ಲಿ ಒಂದು ಆಟವನ್ನು ತೋರಿಸಿದನು. ಅದರ ಹೆಸರು 'ದ್ಯಾಟ್ ಡ್ರ್ಯಾಗನ್, ಕ್ಯಾನ್ಸರ್'. ಅಮೆರಿಕದ ಕೊಲರಾಡೊ ಸಂಸ್ಥಾನದ ರಯನ್ ಗ್ರೀನ್ ಮತ್ತು ಏಮಿ ಗ್ರೀನ್ ಎಂಬ ಕ್ರೈಸ್ತ ದಂಪತಿಗಳು ಜಾಷ್ ಲಾರ್ಸನ್ ಮೊದಲಾದ ಸ್ನೇಹಿತರೊಡನೆ ಅದನ್ನು ಮಾಡಿದರು. ಅವರ ಮಗ ಜೋಯೆಲನಿಗೆ ಒಂದು ವರ್ಷದ ವಯಸ್ಸಿನಲ್ಲಿಯೇ ಮಿದುಳಿನ ಕ್ಯಾನ್ಸರ್ ಕಾಣಿಸಿಕೊಂಡಿತು. ವೈದ್ಯರು ಎಣಿಸಿದ್ದಕ್ಕಿಂತ ಬಹುಕಾಲ ಬದುಕಿ, 2014ರ ಮಾರ್ಚಿಯಲ್ಲಿ ಐದು ವರ್ಷದವನಾಗಿ ತೀರಿಕೊಂಡನು. ಅವನು ಜೀವದಿಂದಿದ್ದಾಗಲೇ ಆರಂಭವಾದ ಆಟವು 2016ರ ಜನವರಿಯಲ್ಲಿ ಹೊರಬಂದಿತು.

ಈ ಆಟವನ್ನು ಗೆಲ್ಲಲಾಗುವದಿಲ್ಲ. ಒಂದು ರಾತ್ರಿ ಆಸ್ಪತ್ರೆಯ ಕೋಣೆಯಲ್ಲಿ ಮಗುವು ಅಳುತ್ತದೆ. ಆಡುವವನು ತಂದೆಯ ಸ್ಥಾನದಲ್ಲಿದ್ದು ಎತ್ತಿಕೊಂಡರೂ, ತೂಗಿದರೂ, ಕುಡಿಯಲು ಕೊಟ್ಟರೂ ಅಳು ನಿಲ್ಲುವದಿಲ್ಲ. ಬೇರೆ ಆಟಗಳಲ್ಲಿ ಪ್ರತಿಯೊಂದು ತೊಡಕಿಗೂ ಒಂದು ಉಪಾಯವುಂಟು. ಇಲ್ಲಿ ಉಪಾಯವೇ ಇಲ್ಲ. ಕಡೆಗೆ ತಂದೆಯು ಸೋತು ಪ್ರಾರ್ಥಿಸಿದಾಗ ಮಗುವು ಸುಮ್ಮನಾಗುತ್ತದೆ. ಆ ರಾತ್ರಿ ಹಾಗಾಯಿತೆಂದು ಮುಂದೆ ರೋಗವು ಗುಣವಾಗಲಿಲ್ಲ. ಇನ್ನೊಂದು ಭಾಗದಲ್ಲಿ ಆಸ್ಪತ್ರೆಯ ತುಂಬ ಕಾಗದಗಳಿವೆ. ತಮ್ಮವರನ್ನು ಕಳೆದುಕೊಂಡ ಬೇರೆ ಬೇರೆ ಜನರು ತಮ್ಮವರ ನೆನಪಿಗಾಗಿ ಬರೆದವು. ಆಡುವವನು ಅವುಗಳನ್ನು ಓದುತ್ತ ನಡೆಯಬಹುದು. ಅದರಿಂದ ಯಾವ ಅಂಕವೂ ದೊರೆಯುವದಿಲ್ಲ. ನಾನು ನೋಡಿ ಬಹಳ ಹೊತ್ತು ಸುಮ್ಮನಿದ್ದೆನು. ಶರೀರದೊಳಗಿನ ಮುಳ್ಳನ್ನು ತೆಗೆಯಬೇಕೆಂದು ಪೌಲನು ಮೂರು ಸಾರಿ ಬೇಡಿದರೂ ಮುಳ್ಳು ಹೋಗಲಿಲ್ಲ; ಕೃಪೆಯು ದೊರೆಯಿತು. ಆ ದಂಪತಿಗಳಿಗೂ ದೊರೆತದ್ದು ಅದೇ ಎಂದು ನನಗೆ ತೋರಿತು. ಕಷ್ಟದಲ್ಲಿರುವವರಿಗೆ ನಾವು ಜಯದ ವಾಗ್ದಾನವನ್ನು ಅವಸರದಿಂದ ಕೊಡಬಾರದು; ಜೊತೆಯನ್ನು ಕೊಡಬೇಕು.

ಮರುವರ್ಷ ಜೂನ್ ತಿಂಗಳಲ್ಲಿ ಎಂಟನೆಯ ತರಗತಿಗೆ ಹೊಸದಾಗಿ ಸೇರಿದ ಬಾಲಿಕೆಯರು ಮನೆಯ ನೆನಪಿನಿಂದ ಅಳುತ್ತಿದ್ದಾಗ, ನಮ್ಮ ಕುಣಿಗಲಿನ ಹುಡುಗಿ ಅವರನ್ನು ಜಗಲಿಯಲ್ಲಿ ಕೂರಿಸಿಕೊಂಡು ಚೌಕಾಬಾರದ ಮನೆ ಬರೆದಳು. ಅಲ್ಲಿಯವರೆಗೆ ಅವಳು ಲೂಡೋವನ್ನಾಗಲಿ ಬೇರೆ ಆಟವನ್ನಾಗಲಿ ಮುಟ್ಟಿರಲಿಲ್ಲ. ಒಬ್ಬ ಚಿಕ್ಕವಳ ಕಾಯಿಯು ಕಡಿಯಲ್ಪಟ್ಟು ಅವಳ ಮುಖ ಬಾಡಿದಾಗ, ಇವಳು ಮೆಲ್ಲನೆ, “ಇನ್ನೂ ಮೂರು ಅವೆ ಕಣೇ” ಎಂದದ್ದು ಕಿಟಕಿಯ ಬಳಿಯಲ್ಲಿದ್ದ ನನಗೆ ಕೇಳಿಸಿತು. ತನಗೆ ದೊರೆತ ಆದರಣೆಯಿಂದಲೇ ಇತರರನ್ನು ಆದರಿಸುವದೆಂದರೆ ಏನೆಂದು ಅಪೊಸ್ತಲನು ಬರೆದದ್ದನ್ನು ನಾನು ತರಗತಿಯಲ್ಲಿ ಎಷ್ಟೋ ಸಾರಿ ವಿವರಿಸಿದ್ದೆನು. ಅಂದು ಅದನ್ನು ಕಣ್ಣಾರೆ ಕಂಡೆನು.

ತಂದೆತಾಯಿಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಮಗಳ ಕೈಯಿಂದ ಫೋನನ್ನು ಕಿತ್ತುಕೊಳ್ಳುವದು ಸುಲಭ. ಹೊತ್ತಿಗೆ ಒಂದು ಮಿತಿಯಿರುವದು ಅವಶ್ಯ. ಆದರೆ ವಾರದಲ್ಲಿ ಒಂದು ದಿನವಾದರೂ ಅವಳೊಡನೆ ಕುಳಿತು ಅವಳು ಆಡುವದೇನೆಂದು ನೋಡಿರಿ, ನೀವೂ ಆಡಿರಿ. ಅವಳು ಸೋಲನ್ನು ಹೇಗೆ ತಾಳುತ್ತಾಳೆ, ಗೆದ್ದಾಗ ಸೋತವರನ್ನು ಹೇಗೆ ನೋಡುತ್ತಾಳೆ ಎಂಬುವದು ಅಂಕಪಟ್ಟಿಯಲ್ಲಿ ಬರುವದಿಲ್ಲ. ಆಟದ ಮಣೆಯ ಬಳಿ ತಿಳಿಯುವದು. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ವೈಧವ್ಯವನ್ನೂ, ಸಾಲವನ್ನೂ, ಮಕ್ಕಳ ಅಗಲಿಕೆಯನ್ನೂ, ಉದ್ಯೋಗದ ನಷ್ಟವನ್ನೂ ಕಂಡಿದ್ದೀರಿ. ನಿಮ್ಮ ಕಾಗದಗಳನ್ನು ನಾನು ಜೋಪಾನವಾಗಿ ಇಟ್ಟಿದ್ದೇನೆ. ಶಾಲೆಯ ಬಾಗಿಲು ನಿಮಗೆ ಯಾವಾಗಲೂ ತೆರೆದಿದೆ. ಇಲ್ಲಿನ ಚಿಕ್ಕವರ ಪಕ್ಕದಲ್ಲಿ ಬಂದು ಕುಳಿತುಕೊಳ್ಳಲು ನಿಮ್ಮಷ್ಟು ತಕ್ಕವರು ಬೇರೆ ಯಾರಿದ್ದಾರೆ? ಸರ್ವದಯಾಪರನಾದ ದೇವರು ನಿಮ್ಮೆಲ್ಲರನ್ನೂ ಕಾಪಾಡಿ, ತನ್ನ ಕಾಲದಲ್ಲಿ ಹಣ್ಣಾಗಿಸಲಿ.