ಟೆಲಿಫೋನ್ ಡೈರೆಕ್ಟರಿಯಿಂದ ಎದ್ದು ಬಂದ ಗೊಂಬೆಗಳು

ನಮ್ಮನೆ ಅಡುಗೆಮನೆಯಲ್ಲಿ ಎರಡು ಮಿಕ್ಸಿ ಇವೆ. ಒಂದು ಚಟ್ನಿಗೆ, ಇನ್ನೊಂದು ಟೆಲಿಫೋನ್ ಡೈರೆಕ್ಟರಿಗೆ. ಗೊತ್ತಿಲ್ಲದ ನೆಂಟರು ಯಾರಾದರೂ ಎರಡನೆಯದಕ್ಕೆ ಕೈ ಹಾಕಿದರೆ ಅಮ್ಮ ಹಾಲ್‌ನಿಂದಲೇ ಕೂಗುತ್ತಾಳೆ, "ಅಯ್ಯೋ, ಅದಕ್ಕೆ ಕಾಯಿ ಹಾಕ್ಬೇಡ್ರೀ, ಅದು ಗೊಂಬೆ ಮಿಕ್ಸಿ!"

ಅಮ್ಮ ಟೆಲಿಫೋನ್ ಆಪರೇಟರ್ ಆಗಿದ್ದವಳು. 1984ರಲ್ಲಿ ಮೈಸೂರಿನ ಟ್ರಂಕ್ ಎಕ್ಸ್‌ಚೇಂಜಿಗೆ ಸೇರಿದಾಗ ಅವಳಿಗೆ ಇಪ್ಪತ್ತು ವರ್ಷ. ತಲೆಗೆ ಹೆಡ್‌ಸೆಟ್, ಎದುರಿಗೆ ಬೋರ್ಡು, ಕೈಯಲ್ಲಿ ಕಾರ್ಡು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಕಾಲ್‌ಗಳಲ್ಲೇ ಮೂರು ದರ್ಜೆ. ಮೂರು ನಿಮಿಷ ಆದ ಕೂಡಲೇ ಮಧ್ಯೆ ಬಾಯಿ ಹಾಕಿ "ಎಕ್ಸ್‌ಟೆಂಡ್ ಮಾಡ್ಲಾ?" ಅಂತ ಕೇಳಬೇಕು. ಆಮೇಲೆ ಎಸ್‌ಟಿಡಿ ಬಂತು, ಬೋರ್ಡು ಹೋಯಿತು, ಅಮ್ಮ 197ರ ವಿಚಾರಣೆಗೆ ಬಂದಳು. ಇಲಾಖೆ ಹೋಗಿ ಬಿಎಸ್‌ಎನ್‌ಎಲ್ ಆಯಿತು. 2019ರ ಕೊನೆಯಲ್ಲಿ ಸ್ವಯಂನಿವೃತ್ತಿ ಯೋಜನೆ ಬಂದಾಗ ದೇಶದಾದ್ಯಂತ 78 ಸಾವಿರಕ್ಕೂ ಹೆಚ್ಚು ಜನ ಅರ್ಜಿ ಹಾಕಿದರು. ಅದರಲ್ಲಿ ಅಮ್ಮನೂ ಒಬ್ಬಳು. ಜನವರಿ 31, 2020. ಒಂದೇ ದಿನ ಎಲ್ಲರೂ ಮನೆಗೆ. ಹಾರ, ಶಾಲು ಜೊತೆಗೆ ಅಮ್ಮ ತಂದಿದ್ದು ರದ್ದಿಗೆ ಹಾಕಲು ಕಟ್ಟಿಟ್ಟಿದ್ದ ಹಳೇ ಡೈರೆಕ್ಟರಿಗಳ ಒಂದು ಕಟ್ಟು. ಯಾಕಮ್ಮ ಅಂದ್ರೆ, "ಇರ್ಲಿ ಬಿಡೇ" ಅಂದಳು.

ಎರಡು ತಿಂಗಳಿಗೆ ಲಾಕ್‌ಡೌನ್. ನಾನು ಬೆಂಗಳೂರಿನ ಪಿಜಿ ಖಾಲಿ ಮಾಡಿ ಲ್ಯಾಪ್‌ಟಾಪ್ ಹೊತ್ತುಕೊಂಡು ಮನೆಗೆ ಬಂದೆ. ಆಗಲೇ ನನಗೆ ಅಮ್ಮನ ದಿನ ಹೇಗಿದೆ ಅಂತ ಕಂಡಿದ್ದು. ಬೆಳಗ್ಗೆ ಶಿಫ್ಟಿಗೆ ಏಳುವ ಅಭ್ಯಾಸ, ನಾಲ್ಕೂ ಮುಕ್ಕಾಲಿಗೆ ಎಚ್ಚರ. ಆರು ಗಂಟೆಗೆಲ್ಲ ಅಡುಗೆ ಮುಗಿದಿರುತ್ತಿತ್ತು. ಆಮೇಲೆ ಕಿಟಕಿ ಪಕ್ಕ ಕುರ್ಚಿ. ಫೋನ್ ಒಂದು ಸಲ ಗುಂಯ್ ಅಂದರೆ ಸಾಕು, ಎತ್ತಿಬಿಡುವಳು. ಹೆಚ್ಚಿನ ಸಲ ಅದು ಸಾಲ ಬೇಕಾ ಅಂತ ಕೇಳುವವರದ್ದು. ಅವರ ಹತ್ತಿರವೂ ಅಮ್ಮ ತಾಳ್ಮೆಯಿಂದ ಮಾತಾಡುತ್ತಿದ್ದಳು, ಅದೂ ಆಪರೇಟರ್ ದನಿಯಲ್ಲಿ. ನಾನು ಮೀಟಿಂಗ್ ಮಧ್ಯೆ ಮ್ಯೂಟ್ ಹಾಕಿ ಕೇಳಿಸಿಕೊಂಡು ಸುಮ್ಮನಾಗುತ್ತಿದ್ದೆ. ಅಪ್ಪನಿಗೆ ಸ್ಟೇಷನರಿ ಅಂಗಡಿ ಇದೆ, ಅಂಗಡಿಯವರಿಗೆ ನಿವೃತ್ತಿ ಅನ್ನೋದೇ ಇಲ್ಲ. ಅವರು ಬಾಗಿಲು ಅರ್ಧ ತೆಗೆಯಲು ಅನುಮತಿ ಸಿಕ್ಕ ದಿನವೇ ಹೊರಟರು.

ಆ ವರ್ಷ ನವರಾತ್ರಿಗೆ ಒಂದು ತಿಂಗಳಿದೆ ಅನ್ನುವಾಗ ಅಮ್ಮ ಅಟ್ಟದಿಂದ ಟ್ರಂಕು ಇಳಿಸು ಅಂದಳು. ಅದರೊಳಗೆ ಮದುವೆಯಲ್ಲಿ ತವರಿನಿಂದ ಕೊಟ್ಟ ಪಟ್ಟದ ಗೊಂಬೆಗಳು, ಕೆಂಪುಚಂದನದ ರಾಜ-ರಾಣಿ. ನಾನು ನೋಡಿದ ಹಾಗೆ ನಮ್ಮನೆ ದಸರಾ ಅಂದರೆ ಆ ಎರಡು ಗೊಂಬೆ ಮಾತ್ರ, ಒಂದು ಮಣೆ ಮೇಲೆ. ಪಕ್ಕದ ಮನೆಗಳಲ್ಲಿ ಏಳು ಮೆಟ್ಟಿಲು, ಒಂಬತ್ತು ಮೆಟ್ಟಿಲು ಕೂರಿಸುವಾಗ ನಾವು ಮಕ್ಕಳು "ಗೊಂಬೆ ಕೂರಿಸಿದ್ದೀರಾ?" ಅಂತ ಮನೆಮನೆಗೆ ಹೋಗಿ ಕೋಡುಬಳೆ, ರವೆಉಂಡೆ ತಿಂದು ಬರುತ್ತಿದ್ದೆವು. ನಮ್ಮನೆಗೆ ಬಂದವರಿಗೆ ಬಾಗಿಲು ತೆಗೆಯಲು ಅಮ್ಮ ಇರುತ್ತಿರಲಿಲ್ಲ. ಹಬ್ಬದ ದಿನ ಎಕ್ಸ್‌ಚೇಂಜ್ ಮುಚ್ಚುವುದಿಲ್ಲವಲ್ಲ. ಎಲ್ಲರೂ ಊರಿಗೆ ಫೋನ್ ಮಾಡುವುದೇ ಆವತ್ತು. ಅವಳು ರಜೆ ಕೇಳಲಿಲ್ಲ ಅಂತ ಚಿಕ್ಕವಳಿದ್ದಾಗ ನನಗೆ ಸಿಟ್ಟಿತ್ತು. ಈಗ ನಾನೇ ದೀಪಾವಳಿ ರಾತ್ರಿ ಆನ್‌ಕಾಲ್ ಕೂತು ಯಾರದೋ ಸರ್ವರ್ ಎಬ್ಬಿಸುತ್ತೇನೆ, ಸಿಟ್ಟು ತಾನಾಗಿಯೇ ಹೋಯಿತು.

"ಅಂಗಡಿ ಗೊಂಬೆ ಬೇಡ, ಮಾಡ್ತೀನಿ" ಅಂದಳು ಅಮ್ಮ. ಅವಳ ಅಮ್ಮ, ಅಂದರೆ ನಮ್ಮಜ್ಜಿ, ಹಳೇ ಪೇಪರನ್ನು ನೆನೆಸಿ, ಮೆಂತ್ಯ ಸೇರಿಸಿ ಒರಳಲ್ಲಿ ರುಬ್ಬಿ, ಬೋರಲು ಹಾಕಿದ ಬಿಂದಿಗೆ ಮೇಲೆ ಮೆತ್ತಿ ಬುಟ್ಟಿ ಮಾಡುತ್ತಿದ್ದಳಂತೆ. ಬೇಳೆ, ಒಣಮೆಣಸಿನಕಾಯಿ ಅದರಲ್ಲೇ. ಮೆಂತ್ಯದ ಅಂಟು ಹಿಡಿದಿಟ್ಟುಕೊಳ್ಳುತ್ತೆ, ಅದರ ಕಹಿಗೆ ಹುಳ ಬರಲ್ಲ. ಲಾಕ್‌ಡೌನಿನಲ್ಲಿ ನಾವು ಪೇಪರ್ ತರಿಸುವುದನ್ನೇ ನಿಲ್ಲಿಸಿದ್ದೆವು. ಮನೆಯಲ್ಲಿ ಇದ್ದ ಕಾಗದ ಅಂದರೆ ಡೈರೆಕ್ಟರಿಗಳು.

ಮೊದಲ ದಿನ ಹರಿಯುವುದಕ್ಕೆ ಕೂತವಳು ಮಧ್ಯಾಹ್ನದವರೆಗೆ ಇಪ್ಪತ್ತು ಹಾಳೆಯೂ ಹರಿಯಲಿಲ್ಲ. ಓದುತ್ತಾ ಕೂತಿದ್ದಳು. "ಇವರು ದಿನಾ ರಾತ್ರಿ ಹತ್ತಕ್ಕೆ ಬಾಂಬೆಗೆ ಬುಕ್ ಮಾಡೋರು, ಮಗನ ಹತ್ರ ಮಾತಾಡೋಕೆ." "ಈ ಡಾಕ್ಟ್ರು ಒಂದು ದಿನಕ್ಕೂ ನಮ್ಮ ಮೇಲೆ ರೇಗಲಿಲ್ಲ." ಏನು ಮಾತಾಡೋರು ಅಂತ ನಾನು ಆಸೆಯಿಂದ ಕೇಳಿದೆ. "ಕೇಳಿಸಿಕೊಂಡಿದ್ದನ್ನ ಹೇಳಬಾರದು ಕಣೇ" ಅಂದಳು, ನಾಳೆ ಡ್ಯೂಟಿಗೆ ಹೋಗಬೇಕು ಅನ್ನುವಷ್ಟು ಗಂಭೀರವಾಗಿ. ನಮ್ಮ ಮನೆ ನಂಬರ್ ಇದ್ದ ಹಾಳೆ ಮಾತ್ರ ಹರಿಯದೆ ಪಕ್ಕಕ್ಕಿಟ್ಟಳು. ಈಗ ಆ ನಂಬರ್ ಇಲ್ಲ.

ಮಾಡುವ ಕ್ರಮ ಕೇಳುವವರಿಗೆ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಮೊದಲ ಸಲ ಕೆಡಿಸಿದ್ದೆ. ಹಾಳೆಯನ್ನು ಹೆಬ್ಬೆರಳಿನ ಉಗುರಿನಷ್ಟು ಚೂರು ಮಾಡಿ ಮೂರು ದಿನ ನೆನೆಸಬೇಕು, ದಿನಾ ನೀರು ಬದಲಾಯಿಸಬೇಕು. ನಾನು ಒಂದೇ ದಿನಕ್ಕೆ ಮಿಕ್ಸಿಗೆ ಹಾಕಿದೆ, ಬ್ಲೇಡಿಗೆ ಸುತ್ತಿಕೊಂಡು ಸುಟ್ಟ ವಾಸನೆ ಬಂತು. ಹಾಗಾಗಿಯೇ ನಮ್ಮನೆಗೆ ಎರಡನೇ ಮಿಕ್ಸಿ ಬಂದಿದ್ದು. ನೆನೆದಿದ್ದನ್ನು ಹಿಂಡಿ ರುಬ್ಬಿ, ರಾತ್ರಿಯಿಡೀ ನೆನೆಸಿದ ಮೆಂತ್ಯವನ್ನು ನುಣ್ಣಗೆ ರುಬ್ಬಿ ಸೇರಿಸಿ, ಚಪಾತಿ ಹಿಟ್ಟಿನ ಹದಕ್ಕೆ ನಾದಬೇಕು. ಒಳಗೆ ಗಟ್ಟಿಗೆ ಒಂದು ಕಡ್ಡಿ ಇಲ್ಲವೇ ಖಾಲಿ ಬಾಟಲಿ. ಒಂದೇ ಸಲಕ್ಕೆ ದಪ್ಪ ಮೆತ್ತಿದರೆ ಒಳಗೆ ಹಸಿ ಉಳಿದು ಬೂಷ್ಟು ಬರುತ್ತೆ. ಬಿಸಿಲಿಗಿಟ್ಟರೆ ಬಿರುಕು. ನೆರಳಲ್ಲಿ ಒಣಗಬೇಕು, ಮಳೆ ಹಿಡಿದರೆ ವಾರ. ಒಣಗಿದ ಮೇಲೆ ಉಪ್ಪುಕಾಗದದಲ್ಲಿ ಉಜ್ಜಿ, ಸೀಮೆಸುಣ್ಣದ ಪುಡಿಗೆ ಫೆವಿಕಾಲ್ ಕಲೆಸಿ ಬಳಿದು, ಆಮೇಲೆ ಬಣ್ಣ. ಸೀರೆಗೆ ಹಳೇ ರವಿಕೆ ಕಣ, ಜಡೆಗೆ ಕಪ್ಪು ಉಲ್ಲನ್. ಬಳೆ, ಓಲೆಗೆ ಕೇಬಲ್ಲಿನೊಳಗಿನ ಬಣ್ಣಬಣ್ಣದ ತಂತಿ. ಟೆಲಿಫೋನ್ ಕ್ವಾರ್ಟರ್ಸಿನಲ್ಲಿ ಬೆಳೆದವರಿಗೆ ಆ ನೀಲಿ, ಕಿತ್ತಳೆ, ಹಸಿರು ತಂತಿ ಗೊತ್ತಿರುತ್ತೆ. ನಾವೆಲ್ಲ ಅದರಲ್ಲೇ ಉಂಗುರ ಹೆಣೆದು ಹಾಕಿಕೊಂಡವರು.

ಒಂದು ತಿಂಗಳಲ್ಲಿ ಒಂಬತ್ತು ಗೊಂಬೆ ಆದವು. ಒಂಬತ್ತೂ ಹೆಂಗಸರು. ಸಾಲಾಗಿ ಕುರ್ಚಿ ಮೇಲೆ ಕೂತು, ತಲೆಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು, ಎದುರಿಗೆ ಶೂ ಡಬ್ಬದಿಂದ ಮಾಡಿದ ಬೋರ್ಡಿಗೆ ಕಾರ್ಡು ಚುಚ್ಚುತ್ತಿದ್ದಾರೆ. ಒಬ್ಬಳು ಬಸುರಿ. ಒಬ್ಬಳ ಮಡಿಲಲ್ಲಿ ಅರ್ಧ ಹೆಣೆದ ಸ್ವೆಟರ್. ಕೊನೆಯವಳು ತೂಕಡಿಸುತ್ತಿದ್ದಾಳೆ. "ಅದು ನೈಟ್ ಶಿಫ್ಟು" ಅಂದಳು ಅಮ್ಮ. ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ ಆ ಒಂಬತ್ತು ಜನ. ಜಂಬೂಸವಾರಿ ಅರಮನೆ ಆವರಣದೊಳಗೇ ಮುಗಿದ ವರ್ಷ ಅದು, ನಮ್ಮನೆಗೆ ಗೊಂಬೆ ನೋಡಲು ಒಂದು ಮಗುವೂ ಬರಲಿಲ್ಲ. ಅಮ್ಮ ವಿಡಿಯೊ ಕಾಲ್ ಮಾಡಿ ಹಳೇ ಸಹೋದ್ಯೋಗಿಗಳಿಗೆ ತೋರಿಸಿದಳು. ಆ ಕಡೆಯಿಂದ ಒಬ್ಬರು "ಆ ಬಸುರಿ ನಾನೇ ತಾನೆ?" ಅಂತ ಕೇಳಿ ನಕ್ಕಿದ್ದು, ನಗು ನಿಲ್ಲಿಸಲಾಗದೆ ಅತ್ತಿದ್ದು ನನಗೂ ಕೇಳಿಸಿತು.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿದೆ. ಇನ್ನು ಮುಂದಿನದು ನನ್ನ ಘನಕಾರ್ಯ.

2023. ನಾನು ಮತ್ತೆ ಬೆಂಗಳೂರು ಸೇರಿದ್ದೆ. ಆಗಸ್ಟಿನಲ್ಲಿ ಮನೆಗೆ ಬಂದಾಗ ಅಮ್ಮನ ಕೈ ಗೊಂಬೆಗೆ ಹುಬ್ಬು ಬರೆಯುವುದನ್ನು ರೀಲ್ ಮಾಡಿ ಹಾಕಿದೆ. ಅದು ಓಡಿತು. "ಎಷ್ಟು? ಎಲ್ಲಿ ಸಿಗುತ್ತೆ?" ನಮ್ಮಂಥವರಿಗೆ ಗೊತ್ತಲ್ಲ, ಏನು ಕಂಡರೂ ಅದನ್ನು ದೊಡ್ಡದು ಮಾಡಬೇಕು ಅನ್ನಿಸುವ ರೋಗ. ಸಂಜೆಯೊಳಗೆ ಒಂದು ಫಾರ್ಮು, ಒಂದು ಶೀಟು. ಹೆಸರು, ವಿಳಾಸ, ಸೀರೆ ಬಣ್ಣ, ಮುಂಗಡ, ಸ್ಥಿತಿ. ಗೊಂಬೆಗೆ 600 ರೂಪಾಯಿ. ಒಂದು ವಾರಕ್ಕೆ 32 ಆರ್ಡರ್. ನವರಾತ್ರಿ ಅಕ್ಟೋಬರ್ 15ಕ್ಕೆ ಶುರು, ಕೊರಿಯರ್‌ಗೆ ನಾಲ್ಕು ದಿನ ಬಿಟ್ಟು 10ಕ್ಕೆ ಎಲ್ಲ ಹೊರಡಬೇಕು ಅಂತ ಲೆಕ್ಕ ಹಾಕಿದೆ. ಒಣಗುವ ದಿನಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೆ. ಅಮ್ಮನ ಕೈಯನ್ನು ತೆಗೆದುಕೊಂಡಿರಲಿಲ್ಲ.

ಅಮ್ಮ ಬೇಡ ಅನ್ನಲಿಲ್ಲ ಅನ್ನೋದನ್ನೂ ಹೇಳಬೇಕು. ಮೊದಲ ಮುಂಗಡ ಅವಳ ಖಾತೆಗೆ ಬಿದ್ದು ಫೋನ್ ಮಾತಾಡಿದಾಗ, ಇನ್ನೊಂದು ಸಲ ಹಾಕಿಸು ಅನ್ನುವ ಹಾಗೆ ನೋಡಿದಳು. ಹೆಸರುಬೇಳೆ ಪಾಯಸ ಮಾಡಿದಳು ಆವತ್ತು. ನಾನು ಪ್ರತಿ ರಾತ್ರಿ ಫೋನ್ ಮಾಡಿ "ಎಷ್ಟಾಯ್ತಮ್ಮ?" ಅನ್ನುತ್ತಿದ್ದೆ. ಮೊದಮೊದಲು ಗೊಂಬೆಗಳ ಕತೆ ಹೇಳುತ್ತಿದ್ದವಳು ಆಮೇಲಾಮೇಲೆ ಬರೀ ಸಂಖ್ಯೆ ಹೇಳತೊಡಗಿದಳು. ಏಳು. ಒಂಬತ್ತು. ಹನ್ನೊಂದು. ನಾನು ಶೀಟಿನಲ್ಲಿ ಹಸಿರು ಬಣ್ಣ ತುಂಬುತ್ತಿದ್ದೆ. ನನಗೆ ಅದು ಕೇಳಿಸಬೇಕಿತ್ತು. ಕೇಳಿಸಲಿಲ್ಲ.

ಸೆಪ್ಟೆಂಬರ್ ಕೊನೆಯ ಶನಿವಾರ ರಾತ್ರಿ ಹನ್ನೊಂದೂವರೆಗೆ ಮನೆ ತಲುಪಿದೆ. ಅಮ್ಮ ಹಾಲ್‌ನಲ್ಲಿ ಟ್ಯೂಬ್‌ಲೈಟ್ ಕೆಳಗೆ ಕೂತು ಜಡೆ ಅಂಟಿಸುತ್ತಿದ್ದಳು. ಬಲಗೈ ಹೆಬ್ಬೆರಳಿಗೆ ಬ್ಯಾಂಡೇಜ್ ಬಟ್ಟೆ ಸುತ್ತಿತ್ತು. ನಾದಿ ನಾದಿ ಬುಡದಲ್ಲಿ ಊತ. ಅಪ್ಪ ನನ್ನನ್ನು ನೋಡಿ ಏನೂ ಹೇಳದೆ ಒಳಗೆ ಹೋದರು, ಅವರು ಸಿಟ್ಟು ತೋರಿಸುವುದೇ ಹಾಗೆ. ಗೋಡೆಯ ಕ್ಯಾಲೆಂಡರಿನಲ್ಲಿ ಹತ್ತನೇ ತಾರೀಖಿಗೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿತ್ತು. ಒಣಗಲು ಇಟ್ಟಿದ್ದ ಗೊಂಬೆಗಳನ್ನು ನೋಡಿದೆ. ಎಲ್ಲದಕ್ಕೂ ಒಂದೇ ಮುಖ. ಯಾರೂ ತೂಕಡಿಸುತ್ತಿರಲಿಲ್ಲ.

"ಮಲಗಮ್ಮ, ನಾಳೆ ಮಾಡಿದ್ರಾಯ್ತು" ಅಂದೆ.

"ಮೂವತ್ತಾರು ವರ್ಷ ಆದ್ಮೇಲೆ ಮತ್ತೆ ನೈಟ್ ಡ್ಯೂಟಿ ಹಾಕಿದ್ಯಲ್ಲೇ ನಂಗೆ" ಅಂದಳು ಅಮ್ಮ. ಬೈಗುಳ ಆಗಿರಲಿಲ್ಲ, ನಗುತ್ತಲೇ ಹೇಳಿದ್ದು. ಅದಕ್ಕೇ ನಾನು ಚಪ್ಪಲಿ ಬಿಡುವ ಜಾಗದಲ್ಲೇ ಕೂತುಬಿಟ್ಟೆ.

ಮಾರನೇ ದಿನ ಬೆಳಗ್ಗೆ ನಾನು ಎಲ್ಲರಿಗೂ ಕ್ಷಮೆ ಕೇಳಿ ಮೆಸೇಜ್ ಹಾಕಿ ದುಡ್ಡು ವಾಪಸ್ ಮಾಡ್ತೀನಿ ಅಂದೆ. ಅಮ್ಮ ಒಪ್ಪಲಿಲ್ಲ. "ಮೆಸೇಜ್ ಏನು, ಫೋನ್ ಮಾಡಿ ಹೇಳಬೇಕು. ನಂಬರ್ ಕೊಡು." ಹದಿನಾಲ್ಕು ಗೊಂಬೆ ಮುಗಿದಿದ್ದವು, ಮೊದಲು ಕೇಳಿದ ಹದಿನಾಲ್ಕು ಜನರಿಗೆ ಅವು. ಉಳಿದ ಹದಿನೆಂಟು ಮಂದಿಗೆ ಅಮ್ಮ ಒಂದೊಂದೇ ಡಯಲ್ ಮಾಡಿದಳು. ಬೆನ್ನು ನೆಟ್ಟಗೆ, ದನಿ ಅರ್ಧ ಮೆಟ್ಟಿಲು ಮೇಲೆ. "ನಮಸ್ಕಾರ, ಮೈಸೂರಿಂದ ಮಾತಾಡ್ತಿದ್ದೀನಿ." ಒಬ್ಬರು ರೇಗಿದರು, ಹಬ್ಬ ಹತ್ತಿರ ಬಂದಾಗ ಹೀಗೆ ಹೇಳಿದರೆ ಹೇಗೆ ಅಂತ. ಅವರು ಹೇಳಿದ್ದು ಸರಿಯೇ. ಇಬ್ಬರು ಮುಂದಿನ ವರ್ಷ ಕೊಡಿ, ದುಡ್ಡು ಇರಲಿ ಅಂದರು. ಇನ್ನೊಬ್ಬರು ವಯಸ್ಸಾದವರು, ಗೊಂಬೆ ಬೇಡ, ಮಾಡೋದು ಹೇಗೆ ಹೇಳಿ, ನನಗೂ ಮಧ್ಯಾಹ್ನ ಹೊತ್ತು ಹೋಗಲ್ಲ ಅಂದರಂತೆ. ಅಮ್ಮ ಇಪ್ಪತ್ತು ನಿಮಿಷ ಮೆಂತ್ಯದ ಅಳತೆ ಹೇಳಿದಳು. ಮೂರು ನಿಮಿಷಕ್ಕೆ ಎಚ್ಚರಿಸುವವರು ಯಾರೂ ಇರಲಿಲ್ಲ.

ಈಗಲೂ ಅಮ್ಮ ಗೊಂಬೆ ಮಾರುತ್ತಾಳೆ. ದುಡ್ಡು ಅವಳಿಗೆ ಯಾವತ್ತೂ ಬೇಡವಾಗಿರಲಿಲ್ಲ, ತಾರೀಖು ಬೇಡವಾಗಿತ್ತು. ಆರ್ಡರ್ ತಗೊಳ್ಳುವುದಿಲ್ಲ. ವರ್ಷದಲ್ಲಿ ಎಷ್ಟಾಗುತ್ತೋ ಅಷ್ಟು, ಆದದ್ದು ಅಪ್ಪನ ಅಂಗಡಿ ಗಾಜಿನ ಹಿಂದೆ ಕೂರುತ್ತವೆ. ಬೆಲೆ ಅವಳಿಷ್ಟ. ಕೆಲವಕ್ಕೆ ಬೆಲೆಯೇ ಇಲ್ಲ, ಕೊಡಲು ಮನಸ್ಸು ಬರಲಿಲ್ಲ ಅಂದರೆ ಮನೆಗೆ ವಾಪಸ್. ಹೆಬ್ಬೆರಳು ಪೂರ್ತಿ ವಾಸಿಯಾಗಿಲ್ಲ, ಈಗ ನಾದುವ ಕೆಲಸ ಅಪ್ಪನದು. ಅವರು ಚಪಾತಿ ಹಿಟ್ಟು ಯಾವತ್ತೂ ನಾದಿದವರಲ್ಲ ಅನ್ನೋದನ್ನ ಅಮ್ಮ ವಾರಕ್ಕೊಮ್ಮೆಯಾದರೂ ನೆನಪಿಸುತ್ತಾಳೆ.

ಡೈರೆಕ್ಟರಿ ಇನ್ನು ಒಂದೂವರೆ ಉಳಿದಿದೆ. ಮುಗಿದ ಮೇಲೆ ಪೇಪರ್‌ನಲ್ಲಿ ಮಾಡ್ತೀಯಾ ಅಂದರೆ, ಆವಾಗ ನೋಡೋಣ ಅನ್ನುತ್ತಾಳೆ.

ಹೋದ ವಾರ ಮನೆಗೆ ಹೋದಾಗ ಕಿಟಕಿ ಪಕ್ಕ ಒಂದು ಹೊಸ ಗೊಂಬೆ ಒಣಗುತ್ತಿತ್ತು. ಜೀನ್ಸು, ಮಡಿಲಲ್ಲಿ ಬೆಂಕಿಪೊಟ್ಟಣದ ರಟ್ಟಿನ ಲ್ಯಾಪ್‌ಟಾಪ್, ಕಿವಿಗೆ ಅದೇ ಹಳೇ ಕಿತ್ತಳೆ ತಂತಿಯ ಹೆಡ್‌ಫೋನ್. ಕುತ್ತಿಗೆ ಒಂದು ಕಡೆ ವಾಲಿತ್ತು.

"ಇದರ ಕುತ್ತಿಗೆ ಸೊಟ್ಟ ಆಗಿದೆಯಲ್ಲಮ್ಮ" ಅಂದೆ.

"ನೀನು ಕೂರೋದೇ ಹಾಗೆ" ಅಂದಳು. "ನೈಟ್ ಶಿಫ್ಟಿನವಳ ಪಕ್ಕ ಕೂರಿಸ್ತೀನಿ. ಮಳೆ ಬಿಟ್ರೆ."