ನಡೆಯುತ್ತಲೇ ಹೆಣೆದವರ ನಾಡು

ಸ್ಕಾಟ್ಲೆಂಡಿನ ಅಬರ್ಡೀನ್ ಬಂದರಿನಿಂದ ಸಂಜೆ ಹೊರಡುವ ಹಡಗು ರಾತ್ರಿಯಿಡೀ ಉತ್ತರಕ್ಕೆ ಸಾಗಿ, ಮರುದಿನ ಬೆಳಿಗ್ಗೆ ಲರ್ವಿಕ್ ಎಂಬ ಪುಟ್ಟ ಪಟ್ಟಣವನ್ನು ಮುಟ್ಟುತ್ತದೆ. ಬ್ರಿಟನ್ನಿನ ಭೂಪಟಗಳಲ್ಲಿ ಜಾಗ ಸಾಲದೆಂದು ಬಹುಕಾಲ ಮೂಲೆಯ ಚೌಕಟ್ಟಿನೊಳಗೆ ತುರುಕಲಾಗುತ್ತಿದ್ದ ಶೆಟ್ಲೆಂಡ್ ದ್ವೀಪಸ್ತೋಮದ ಮುಖ್ಯ ಊರು ಇದು. ಇಲ್ಲಿರುವುದು ಸುಮಾರು 100 ದ್ವೀಪಗಳು. ಜನವಸತಿ ಇರುವುದು 16ರಲ್ಲಿ ಮಾತ್ರ. ಎಲ್ಲವನ್ನೂ ಕೂಡಿಸಿದರೂ ಕೊಡಗು ಜಿಲ್ಲೆಯ ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು ವಿಸ್ತೀರ್ಣ. ಜನಸಂಖ್ಯೆ 23,000ದ ಆಸುಪಾಸು. ಕುರಿಗಳ ಸಂಖ್ಯೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಮರಗಳು ಇಲ್ಲಿ ತೀರ ವಿರಳ. ಸಮುದ್ರದ ಮೇಲಿನಿಂದ ಬೀಸಿ ಬರುವ ಗಾಳಿಗೆ ತಡೆಯೇ ಇಲ್ಲ. ಜೂನ್ ತಿಂಗಳಿನಲ್ಲಿ ನಡುರಾತ್ರಿಯಲ್ಲೂ ಪೂರ್ತಿ ಕತ್ತಲಾಗುವುದಿಲ್ಲ. ಆ ಮಬ್ಬು ಬೆಳಕಿಗೆ ಸ್ಥಳೀಯರು ‘ಸಿಮರ್ ಡಿಮ್’ ಎನ್ನುತ್ತಾರೆ. ಡಿಸೆಂಬರಿನಲ್ಲಾದರೋ ಹಗಲೆಂಬುದು ಆರು ಗಂಟೆಗಳಷ್ಟೂ ಇರದು. ಭತ್ತ, ಗೋಧಿಗಳ ಮಾತೇ ಇಲ್ಲದ ಈ ನೆಲದಲ್ಲಿ ಉಣ್ಣೆಯೇ ಒಂದು ಬೆಳೆ. ಆ ಬೆಳೆಯನ್ನು ಕೊಯ್ದು, ನೂತು, ಹೆಣೆದು, ಮಾರುವಂತೆ ಮಾಡಿದವರು ಇಲ್ಲಿನ ಮನೆಗಳ ಹೆಂಗಸರು.

ಈ ಕೆಲಸ ಎಷ್ಟು ಹಳೆಯದು? 1951ರಲ್ಲಿ ಗನಿಸ್ಟರ್ ಎಂಬಲ್ಲಿ ಜೌಗು ನೆಲವನ್ನು ಅಗೆಯುತ್ತಿದ್ದವರಿಗೆ ಹೂತುಹೋಗಿದ್ದ ಮನುಷ್ಯನೊಬ್ಬನ ಉಡುಪು ಸಿಕ್ಕಿತು. ಅವನ ಟೊಪ್ಪಿಗೆ, ಕೈಗವಸು, ಕಾಲುಚೀಲ, ಹಣದ ಚೀಲ ಎಲ್ಲವೂ ಉಣ್ಣೆಯ ಹೆಣಿಗೆ. ಹಣದ ಚೀಲದ ಮೇಲೆ ಬಣ್ಣದ ನಮೂನೆಯೂ ಇತ್ತು. ಜೊತೆಗೆ ದೊರೆತ ನಾಣ್ಯಗಳಿಂದ ಅವನು ಹದಿನೇಳನೆಯ ಶತಮಾನದ ಕೊನೆಯ ಭಾಗದವನೆಂದು ಗೊತ್ತಾಯಿತು. ಆ ಕಾಲಕ್ಕಾಗಲೇ ಮೀನು ಹಿಡಿಯಲು ಬರುತ್ತಿದ್ದ ಡಚ್ಚರಿಗೆ ಇಲ್ಲಿನವರು ಕಾಲುಚೀಲ ಮಾರುತ್ತಿದ್ದರು.

ಸೊಂಟಕ್ಕೆ ಪಟ್ಟಿ, ಬೆನ್ನಿಗೆ ಬುಟ್ಟಿ

ಶೆಟ್ಲೆಂಡಿನ ಹಳೆಯ ಛಾಯಾಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ನೋಟವೊಂದಿದೆ. ಹೆಂಗಸರು ಸಾಲಾಗಿ ಗುಡ್ಡದಿಂದ ಇಳಿದು ಬರುತ್ತಿದ್ದಾರೆ. ಬೆನ್ನ ಮೇಲೆ ‘ಕಿಶಿ’ ಎಂಬ ಹುಲ್ಲಿನ ಬುಟ್ಟಿ, ಅದರ ತುಂಬ ಪೀಟ್. ಪೀಟ್ ಎಂದರೆ ಜೌಗಿನಲ್ಲಿ ಸಾವಿರಾರು ವರ್ಷ ಕೊಳೆತ ಸಸ್ಯಗಳಿಂದಾದ ಮಣ್ಣು. ಇಟ್ಟಿಗೆಯಂತೆ ಕತ್ತರಿಸಿ ಒಣಗಿಸಿದರೆ ಅದೇ ಒಲೆಯ ಸೌದೆ. ಅಷ್ಟು ಭಾರ ಹೊತ್ತು ನಡೆಯುತ್ತಿದ್ದರೂ ಅವರ ಎರಡೂ ಕೈಗಳು ಖಾಲಿ ಇಲ್ಲ. ಕಡ್ಡಿಗಳು ಆಡುತ್ತಿವೆ, ಕಾಲುಚೀಲ ಬೆಳೆಯುತ್ತಿದೆ.

ಇದು ಸಾಧ್ಯವಾದದ್ದು ‘ಮ್ಯಾಕಿನ್ ಬೆಲ್ಟ್’ನಿಂದ. ಹೆಣಿಗೆಗೆ ಇಲ್ಲಿನ ಆಡುಮಾತಿನಲ್ಲಿ ‘ಮ್ಯಾಕಿನ್’ ಎಂದೇ ಹೆಸರು, ಹೆಣೆಯುವ ಕಡ್ಡಿಗೆ ‘ವೈರ್’. ಸೊಂಟಕ್ಕೆ ಬಿಗಿಯುವ ಚರ್ಮದ ಪಟ್ಟಿಗೆ ಕುದುರೆ ಕೂದಲು ತುಂಬಿದ ಸಣ್ಣ ದಿಂಬೊಂದು ಅಂಟಿಕೊಂಡಿರುತ್ತದೆ. ಅದರ ಮೈತುಂಬ ತೂತು. ಕಡ್ಡಿಯ ಒಂದು ತುದಿಯನ್ನು ತೂತಿನಲ್ಲಿ ನಿಲ್ಲಿಸಿಬಿಟ್ಟರೆ ಅದನ್ನು ಹಿಡಿದುಕೊಳ್ಳುವ ಕೆಲಸ ಕೈಗಿಲ್ಲ. ಬೆರಳುಗಳು ಎಳೆಯನ್ನು ಸುತ್ತಿ ಮುಂದಕ್ಕೆ ದಾಟಿಸಿದರೆ ಸಾಕು. ನಡೆಯುತ್ತ, ಹಸು ಕಾಯುತ್ತ, ನೆರೆಯವರೊಡನೆ ಮಾತಾಡುತ್ತ, ಒಲೆಯ ಮೇಲಿನ ರೊಟ್ಟಿಯ ಮೇಲೆ ಒಂದು ಕಣ್ಣಿಟ್ಟು ಹೆಣೆಯಬಹುದು. ನಮೂನೆಯ ಲೆಕ್ಕವೆಲ್ಲ ತಲೆಯಲ್ಲಿ.

ಗಂಡಸರು ಎಲ್ಲಿದ್ದರು? ಸಮುದ್ರದ ಮೇಲೆ. ಇಲ್ಲಿನ ಮನೆಗಳಿಗೆ ಗೇಣಿಯ ತುಂಡು ಭೂಮಿಯಷ್ಟೇ ಆಧಾರ, ಅದರಿಂದ ಹೊಟ್ಟೆ ತುಂಬದು. ಬೇಸಿಗೆ ಬಂತೆಂದರೆ ಆರು ಹುಟ್ಟುಗಳ ತೆರೆದ ದೋಣಿಗಳಲ್ಲಿ ದಡದಿಂದ 30–40 ಮೈಲಿ ದೂರ ಹೋಗಿ ಮೀನು ಹಿಡಿಯಬೇಕು. ಹೋದವರೆಲ್ಲ ಮರಳುತ್ತಾರೆಂಬ ಭರವಸೆ ಇರಲಿಲ್ಲ. 1881ರ ಜುಲೈನಲ್ಲಿ ಎದ್ದ ಬಿರುಗಾಳಿ ಒಂದೇ ರಾತ್ರಿಯಲ್ಲಿ 58 ಮಂದಿಯನ್ನು ನುಂಗಿತು. ಯೆಲ್ ದ್ವೀಪದ ಗ್ಲೂಪ್ ಎಂಬಲ್ಲಿ ಇದರ ಸ್ಮಾರಕವಿದೆ: ಮಗುವನ್ನು ತೋಳಲ್ಲಿ ಎತ್ತಿಕೊಂಡು ಸಮುದ್ರದ ಕಡೆ ನೋಡುತ್ತ ನಿಂತ ತಾಯಿ. ಹೊಲ, ದನ, ಮಕ್ಕಳು, ಒಲೆ ಎಲ್ಲವೂ ಹೆಂಗಸರ ಪಾಲಿಗೆ ಬಿದ್ದಿದ್ದವು. ಅವುಗಳ ಸಂದಿಯಲ್ಲಿ ಹೆಣಿಗೆ.

ಉಂಗುರದಲ್ಲಿ ನುಸುಳುವ ಶಾಲು

ಲರ್ವಿಕ್‌ನಿಂದ ಉತ್ತರಕ್ಕೆ ಹೊರಟು, ಎರಡು ಕಡೆ ಹಡಗು ದಾಟಿದರೆ ಉನ್ಸ್ಟ್ ಎಂಬ ದ್ವೀಪ. ಬ್ರಿಟನ್ನಿನಲ್ಲಿ ಜನ ವಾಸಿಸುವ ದ್ವೀಪಗಳಲ್ಲಿ ಇದೇ ಉತ್ತರದ ತುದಿ. ಶೆಟ್ಲೆಂಡಿನ ಅತಿ ನವುರಾದ ಶಾಲುಗಳಿಗೆ ಈ ದ್ವೀಪ ಹೆಸರುವಾಸಿ.

ಶೆಟ್ಲೆಂಡಿನ ಕುರಿ ಚಿಕ್ಕದು, ಅದರ ಉಣ್ಣೆ ಬಹಳ ಮೃದು. ಬೇಸಿಗೆಯ ಆರಂಭದಲ್ಲಿ ಉಣ್ಣೆ ತಾನಾಗಿ ಸಡಿಲವಾದಾಗ, ಕತ್ತರಿ ಹಾಕದೆ ಕೈಯಿಂದಲೇ ಮೆಲ್ಲಗೆ ಬಿಡಿಸಿಕೊಳ್ಳುತ್ತಿದ್ದರು. ಹೀಗೆ ಮಾಡಿದರೆ ಎಳೆಯ ತುದಿ ಕತ್ತರಿಸಿದಂತೆ ಮೊಂಡಾಗುವುದಿಲ್ಲ. ಕುರಿಯ ಕುತ್ತಿಗೆಯ ಭಾಗದ ಉಣ್ಣೆ ಎಲ್ಲಕ್ಕಿಂತ ಉತ್ತಮ. ಅದನ್ನು ಹಿಂಜಿ, ಕೈರಾಟೆಯಲ್ಲಿ ಕೂದಲೆಳೆಯಷ್ಟು ಸಣ್ಣಗೆ ನೂತು, ಎರಡೆಳೆ ಹುರಿ ಮಾಡಿ ಹೆಣೆದ ಆರಡಿ ಚೌಕದ ಶಾಲು 100 ಗ್ರಾಂ ಕೂಡ ತೂಗದು. ಇಡೀ ಶಾಲನ್ನು ಮದುವೆಯ ಉಂಗುರದೊಳಗಿಂದ ಎಳೆದು ತೆಗೆಯಬಹುದು. ಹಾಗಾಗಿ ಅದಕ್ಕೆ ‘ಮದುವೆ ಉಂಗುರದ ಶಾಲು’ ಎಂದೇ ಹೆಸರಾಯಿತು. ಹೆಣೆದು ಮುಗಿದ ಮೇಲೆ ತೊಳೆದು, ಮರದ ಚೌಕಟ್ಟಿಗೆ ಬಿಗಿದು ಒಣಗಿಸಿದಾಗಲೇ ಅಲೆ, ಜರೀಗಿಡ, ಬೆಕ್ಕಿನ ಹೆಜ್ಜೆ ಮುಂತಾದ ನಮೂನೆಗಳು ಕಣ್ಣಿಗೆ ಸ್ಪಷ್ಟವಾಗುವುದು.

ಇಂಥ ಶಾಲು ದೊರೆಮಕ್ಕಳಿಗೆ. ಮನೆಯವರಿಗಾಗಿ ಹೆಣೆಯುತ್ತಿದ್ದುದು ‘ಹ್ಯಾಪ್’ ಎಂಬ ದಪ್ಪ ಶಾಲು. ಹೊಲಕ್ಕೆ ಹೋಗುವಾಗ ಭುಜದ ಮೇಲೆ ಹೊದ್ದು, ತುದಿಗಳನ್ನು ಎದೆಯ ಮೇಲೆ ಹಾಯಿಸಿ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಹುಟ್ಟಿದ ಕೂಸನ್ನು ಸುತ್ತುತ್ತಿದ್ದುದೂ ಅದರಲ್ಲೇ.

ನಾಜೂಕಿನ ಹೆಣಿಗೆಗೆ ಲಂಡನ್ನಿನ ಬಾಗಿಲು ತೆರೆದವನು ಲರ್ವಿಕ್ ಬಳಿಯ ಗ್ರೆಮಿಸ್ಟಾದಲ್ಲಿ ಹುಟ್ಟಿದ ಆರ್ಥರ್ ಆಂಡರ್ಸನ್. ಇಂಗ್ಲೆಂಡಿನಿಂದ ಭಾರತಕ್ಕೆ ಹಡಗು ಓಡಿಸಿದ ಪಿ ಅಂಡ್ ಓ ಕಂಪನಿಯ ಸ್ಥಾಪಕರಲ್ಲಿ ಒಬ್ಬ. 1837ರಲ್ಲಿ, ಆಗಷ್ಟೇ ಪಟ್ಟಕ್ಕೆ ಬಂದಿದ್ದ ವಿಕ್ಟೋರಿಯಾ ರಾಣಿಗೆ ಅವನು ಶೆಟ್ಲೆಂಡಿನ ಹೆಣಿಗೆಯ ಕಾಲುಚೀಲಗಳನ್ನು ಕಾಣಿಕೆಯಾಗಿ ಕೊಟ್ಟ. ರಾಣಿ ಮೆಚ್ಚಿದ್ದನ್ನು ಊರೆಲ್ಲ ಮೆಚ್ಚಿತು. 1851ರ ಲಂಡನ್ನಿನ ಮಹಾ ವಸ್ತುಪ್ರದರ್ಶನದಲ್ಲಿ ಶೆಟ್ಲೆಂಡಿನ ಶಾಲುಗಳೂ ಜನರ ಕಣ್ಣಿಗೆ ಬಿದ್ದವು.

ಕೂಲಿಯ ಬದಲು ಚಹಾಪುಡಿ

ಶಾಲು ಹೆಸರು ಗಳಿಸಿತು. ಹೆಣೆದವಳಿಗೆ ಏನು ಸಿಕ್ಕಿತು?

ಮುಗಿದ ಶಾಲನ್ನು ಹೊತ್ತು ಹೆಂಗಸರು ಲರ್ವಿಕ್‌ನ ಅಂಗಡಿಗೆ ನಡೆಯುತ್ತಿದ್ದರು. ವರ್ತಕ ಅದಕ್ಕೆ ಬೆಲೆ ಕಟ್ಟುತ್ತಿದ್ದ, ಆದರೆ ಕೈಗೆ ಹಣ ಕೊಡುತ್ತಿರಲಿಲ್ಲ. ಆ ಮೊತ್ತಕ್ಕೆ ತನ್ನ ಅಂಗಡಿಯ ಬಟ್ಟೆ, ಚಹಾಪುಡಿ ಕೊಡುತ್ತಿದ್ದ. ಇಲ್ಲವೇ ಇನ್ನೊಂದು ದಿನ ಬಂದು ಸಾಮಾನು ಒಯ್ಯಲು ಚೀಟಿ ಬರೆದುಕೊಡುತ್ತಿದ್ದ. ಸಾಮಾನಿನ ಬೆಲೆ ನಿಗದಿ ಮಾಡುವವನೂ ಅವನೇ. ಹಿಟ್ಟು ಬೇಕಿದ್ದವಳು ಚಹಾಪುಡಿ ಕಟ್ಟಿಕೊಂಡು ಮನೆಮನೆಗೆ ಹೋಗಿ ಅದನ್ನು ಹಿಟ್ಟಿಗೋ ಆಲೂಗಡ್ಡೆಗೋ ಬದಲಾಯಿಸಿಕೊಳ್ಳಬೇಕಿತ್ತು.

ಇದಕ್ಕೆ ‘ಟ್ರಕ್ ಪದ್ಧತಿ’ ಎಂದು ಹೆಸರು. ಸರ್ಕಾರ ಇದರ ತನಿಖೆಗೆ ಆಯೋಗ ನೇಮಿಸಿ, 1872ರಲ್ಲಿ ಶೆಟ್ಲೆಂಡಿನಲ್ಲೇ ಸಾಕ್ಷ್ಯ ಕೇಳಿತು. ಹೆಣೆಯುವ ಹೆಂಗಸರು ಒಬ್ಬೊಬ್ಬರಾಗಿ ಬಂದು ತಮ್ಮ ಲೆಕ್ಕವನ್ನು ತಾವೇ ಹೇಳಿದರು. ತುಂಡು ಭೂಮಿ ಇದ್ದವರು ಹೇಗೋ ನಿಭಾಯಿಸಿದ್ದರು. ಪಟ್ಟಣದ ಬಾಡಿಗೆ ಕೋಣೆಯಲ್ಲಿದ್ದ ಒಂಟಿ ಹೆಂಗಸರ, ವಿಧವೆಯರ ಪಾಡು ಕಷ್ಟದ್ದು. ಮೈಮೇಲೆ ಒಳ್ಳೆಯ ಬಟ್ಟೆ ಇದ್ದರೂ ಗಡಿಗೆಯಲ್ಲಿ ಹಿಟ್ಟಿರುತ್ತಿರಲಿಲ್ಲ. ವರ್ತಕರ ವಾದವೂ ಸಾಕ್ಷ್ಯದಲ್ಲಿ ದಾಖಲಾಗಿದೆ: ರೊಕ್ಕ ಕೊಡುವುದಾದರೆ ಬೆಲೆ ಇಳಿಸಬೇಕಾಗುತ್ತದೆ ಎಂಬುದು ಅವರ ಮಾತು.

ಹೆಣಿಗೆ ಹೆಂಗಸರ ಬಿಡುವಿನ ಕೆಲಸ, ಅವರ ಹೊತ್ತಿಗೆ ಬೇರೆ ಬೆಲೆ ಇಲ್ಲ ಎಂಬುದೇ ಈ ಲೆಕ್ಕಾಚಾರದ ತಳಹದಿ. ಗಂಡಸರ ಮೀನಿನ ಸಂಪಾದನೆ ಬಹುಪಾಲು ಭೂಮಿಯ ಗೇಣಿಗೆ, ಹಳೆಯ ಸಾಲಕ್ಕೆ ಜಮೆಯಾಗಿಬಿಡುತ್ತಿತ್ತು. ಮನೆಗೆ ಚಹಾ, ಮಕ್ಕಳಿಗೆ ಬಟ್ಟೆ ಬರುತ್ತಿದ್ದುದು ಹೆಣಿಗೆಯಿಂದ. 1887ರ ಕಾಯಿದೆ ಈ ಪದ್ಧತಿಯನ್ನು ನಿಷೇಧಿಸಿತು. ಆದರೂ ಅದು ಇಲ್ಲಿ ದಶಕಗಳ ಕಾಲ ಉಸಿರಾಡಿತು. ಎರಡನೆಯ ಮಹಾಯುದ್ಧದಲ್ಲಿ ದ್ವೀಪಗಳಿಗೆ ಬಂದಿಳಿದ ಸೈನಿಕರು ಮನೆಬಾಗಿಲಿಗೇ ಬಂದು ರೊಕ್ಕ ಕೊಟ್ಟು ಸ್ವೆಟರ್ ಕೊಂಡಾಗ, ಹೆಣೆಯುವವರ ಕೈಯಲ್ಲಿ ಹಣ ಓಡಾಡಿತು.

ಫೇರ್ ದ್ವೀಪದ ಬಣ್ಣಗಳು

ಶೆಟ್ಲೆಂಡಿಗೂ ಅದರ ದಕ್ಷಿಣದ ಆರ್ಕ್ನಿ ದ್ವೀಪಗಳಿಗೂ ನಡುವೆ ಒಂಟಿಯಾಗಿ ನಿಂತಿರುವುದು ಫೇರ್ ದ್ವೀಪ. ಉದ್ದ ಐದು ಕಿಲೋಮೀಟರಿನಷ್ಟು. ಜನ ಐವತ್ತು ಅರವತ್ತು. ಸಣ್ಣ ದೋಣಿ ಅಥವಾ ಪುಟ್ಟ ವಿಮಾನದಲ್ಲಿ ಹೋಗಬೇಕು, ಹವೆ ಒಪ್ಪಿದರೆ ಮಾತ್ರ. ಬಣ್ಣದ ಪಟ್ಟೆ ಪಟ್ಟೆಯ ಸ್ವೆಟರಿಗೆ ಜಗತ್ತೆಲ್ಲ ಇಡುವ ಹೆಸರು ಈ ದ್ವೀಪದ್ದೇ.

ಇದರ ಗುಟ್ಟು ಸರಳ. ಸ್ವೆಟರಿನಲ್ಲಿ ಎಷ್ಟೇ ಬಣ್ಣವಿರಲಿ, ಒಂದು ಸುತ್ತಿನಲ್ಲಿ ಬಳಸುವುದು ಎರಡೇ. ಒಂದು ಬಣ್ಣದ ಎಳೆ ಮುಂದೆ ಕುಣಿಕೆಯಾಗುವಾಗ ಇನ್ನೊಂದು ಹಿಂದೆ ಹಾದುಹೋಗುತ್ತದೆ. ಹೀಗಾಗಿ ಬಟ್ಟೆಗೆ ಎರಡು ಪದರ, ದುಪ್ಪಟ್ಟು ಬೆಚ್ಚಗೆ. ಚೆಂದಕ್ಕೆಂದು ಕಾಣುವುದು ಚಳಿಗೆ ಔಷಧಿಯೂ ಹೌದು.

1588ರಲ್ಲಿ ಸ್ಪೇನಿನ ಯುದ್ಧನೌಕೆಯೊಂದು ಇಲ್ಲಿ ಒಡೆದು, ಅದರ ನಾವಿಕರು ಕೆಲವು ವಾರ ದ್ವೀಪದಲ್ಲಿ ತಂಗಿದ್ದು ನಿಜ. ನಮೂನೆಗಳನ್ನು ಕಲಿಸಿದವರು ಅವರೇ ಎಂಬ ಕತೆ ಮಾತ್ರ ಇತಿಹಾಸಕಾರರಿಗೆ ಒಪ್ಪಿಗೆಯಿಲ್ಲ. ಇಂಥ ಬಣ್ಣದ ಹೆಣಿಗೆ ಉತ್ತರ ಯೂರೋಪಿನ ಕಡಲತೀರಗಳಲ್ಲೆಲ್ಲ ಕಾಣುತ್ತದೆ. ತಮ್ಮ ಮನೆಯ ವಿದ್ಯೆಯ ಕೀರ್ತಿಯನ್ನೂ ಈ ಹೆಂಗಸರು ಹಡಗೊಡೆದ ಪರದೇಶಿಗಳಿಗೆ ಬಿಟ್ಟುಕೊಡಬೇಕಾಗಿತ್ತು!

1922ರಲ್ಲಿ ವೇಲ್ಸ್ ರಾಜಕುಮಾರ ಸೇಂಟ್ ಆಂಡ್ರೂಸ್‌ನ ಗಾಲ್ಫ್ ಮೈದಾನಕ್ಕೆ ಫೇರ್ ದ್ವೀಪದ ಸ್ವೆಟರ್ ತೊಟ್ಟು ಬಂದದ್ದೇ ತಡ, ಬೇಡಿಕೆ ಏರಿತು. 1953ರ ಎವರೆಸ್ಟ್ ಆರೋಹಣ ತಂಡಕ್ಕೆ ಸ್ವೆಟರುಗಳು ಹೋದದ್ದು ಶೆಟ್ಲೆಂಡಿನ ವೋ ಎಂಬ ಹಳ್ಳಿಯಿಂದ. ಮುಂದೆ ಯಂತ್ರಗಳು ಮನೆಯೊಳಗೇ ಬಂದವು. ಸ್ವೆಟರಿನ ಮೈ ಯಂತ್ರದಲ್ಲಿ, ಕುತ್ತಿಗೆ ಸುತ್ತಿನ ಬಣ್ಣದ ಭಾಗ ಕೈಯಲ್ಲಿ ಎಂದು ಕೆಲಸ ಹಂಚಿಹೋಯಿತು. ತೊಳೆದ ಸ್ವೆಟರನ್ನು ಮರದ ಚೌಕಟ್ಟಿಗೆ ತೊಡಿಸಿ ಅಂಗಳದಲ್ಲಿ ನಿಲ್ಲಿಸಿದರೆ, ದೂರದಿಂದ ಮನುಷ್ಯರೇ ಕೈ ಚಾಚಿ ನಿಂತಂತೆ ತೋರುತ್ತಿತ್ತು.

ಎಣ್ಣೆ ಬಂದ ಮೇಲೆ

1970ರ ದಶಕದಲ್ಲಿ ಸುತ್ತಲಿನ ಸಮುದ್ರದಲ್ಲಿ ತೈಲ ಸಿಕ್ಕಿತು. ಸಲ್ಲಮ್ ವೋ ಎಂಬಲ್ಲಿ ದೊಡ್ಡ ತೈಲ ನೆಲೆ ಎದ್ದಿತು. ಅಡುಗೆಮನೆ, ಕಚೇರಿ, ವಸತಿಗೃಹಗಳಲ್ಲಿ ತಿಂಗಳ ಸಂಬಳದ ಕೆಲಸ ಸಿಕ್ಕಾಗ ಎಷ್ಟೋ ಹೆಂಗಸರು ಕಡ್ಡಿ ಕೆಳಗಿಟ್ಟರು. ಅವರನ್ನು ದೂರುವಂತಿಲ್ಲ. ತಮ್ಮ ಹೊತ್ತಿಗೆ ಬೆಲೆಯಿದೆಯೆಂದು ಮೊದಲ ಬಾರಿ ಅವರಿಗೆ ಯಾರೋ ಗಂಟೆ ಲೆಕ್ಕದಲ್ಲಿ ತೋರಿಸಿಕೊಟ್ಟಿದ್ದರು.

2010ರಲ್ಲಿ ದ್ವೀಪದ ಆಡಳಿತವು ವೆಚ್ಚ ತಗ್ಗಿಸಲು ಪ್ರಾಥಮಿಕ ಶಾಲೆಗಳ ಹೆಣಿಗೆ ಪಾಠವನ್ನು ನಿಲ್ಲಿಸಿತು. ಅದೇ ವರ್ಷ ಪ್ರತಿವರ್ಷದ ‘ಉಣ್ಣೆ ಸಪ್ತಾಹ’ ಆರಂಭವಾಯಿತು. ಜಗತ್ತಿನ ಮೂಲೆಮೂಲೆಗಳಿಂದ ಹೆಣಿಗೆಯ ಆಸಕ್ತರು ಸೆಪ್ಟೆಂಬರ್ ಕೊನೆಯಲ್ಲಿ ಲರ್ವಿಕ್‌ಗೆ ಬಂದಿಳಿದು, ಹಳ್ಳಿಯ ಸಭಾಭವನಗಳಲ್ಲಿ ಚಹಾ ಕುಡಿಯುತ್ತ ಹಿರಿಯರಿಂದ ಕಲಿಯುತ್ತಾರೆ. 2015ರಲ್ಲಿ ಪ್ಯಾರಿಸ್ಸಿನ ಹೆಸರಾಂತ ಫ್ಯಾಶನ್ ಸಂಸ್ಥೆಯೊಂದು ಫೇರ್ ದ್ವೀಪದ ಹೆಣಿಗೆಗಾರ್ತಿಯ ವಿನ್ಯಾಸವನ್ನು ಹೇಳದೆ ಬಳಸಿ, ಬಳಿಕ ಕ್ಷಮೆ ಕೇಳಿ ಅವಳ ಹೆಸರು ಹೇಳಬೇಕಾಯಿತು. 1872ರಲ್ಲಿ ಸಾಕ್ಷಿ ಹೇಳಿದವರ ಕಾಲದಲ್ಲಿ ಇದು ಊಹೆಗೂ ಮೀರಿದ್ದು.

ಶಾಲೆ ಬಿಟ್ಟ ಕೆಲಸವನ್ನು ಊರವರು ಎತ್ತಿಕೊಂಡಿದ್ದಾರೆ. 2014ರಲ್ಲಿ ಮೊದಲಾದ ‘ಪೀರಿ ಮ್ಯಾಕರ್ಸ್’ ಎಂಬ ಯೋಜನೆಯಲ್ಲಿ ಹಿರಿಯ ಹೆಣಿಗೆಗಾರರು ಸಂಬಳವಿಲ್ಲದೆ ಮಕ್ಕಳಿಗೆ ಕಲಿಸುತ್ತಾರೆ. ‘ಪೀರಿ’ ಎಂದರೆ ಇಲ್ಲಿನ ಮಾತಿನಲ್ಲಿ ಪುಟ್ಟದು. ಗಂಡುಮಕ್ಕಳು, ಹೆಣ್ಣುಮಕ್ಕಳು ಇಬ್ಬರೂ ಸೊಂಟಕ್ಕೆ ಅದೇ ಚರ್ಮದ ಪಟ್ಟಿ ಬಿಗಿದು ಕೂರುತ್ತಾರೆ. ಕುಣಿಕೆ ಜಾರಿದರೆ ಪಕ್ಕದ ಅಜ್ಜಿ ಬಗ್ಗಿ ಎತ್ತಿಕೊಡುತ್ತಾಳೆ, ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ.